ಪೇಟೆಯ ಗದ್ದಲದ ನಡುವೆ ಒಂದು ಲೋಟ ಕಾಫಿ

ನಮ್ಮ ಸಂಘದ ಸದಸ್ಯರಲ್ಲಿ ವರ್ಷಕ್ಕೆ ಒಂದೆರಡು ಸಲವಾದರೂ ಬೆಂಗಳೂರಿಗೆ ಹೋಗಿ ಬಾರದವರು ಕಡಿಮೆ. ಮಕ್ಕಳ ಓದು, ಮನೆಯವರ ಚಿಕಿತ್ಸೆ, ಇಲ್ಲವೇ ಯಾವುದಾದರೊಂದು ಕಚೇರಿಯ ಕೆಲಸ. ಕಲ್ಲುಗುಂಡಿಯಲ್ಲಿ ರಾತ್ರಿ ಬಸ್ಸು ಹತ್ತಿ, ಸಂಪಾಜೆ ಘಾಟಿ, ಮಡಿಕೇರಿ, ಮೈಸೂರು ದಾಟಿ ಬೆಳಗಿನ ಜಾವ ಬೆಂಗಳೂರಿನಲ್ಲಿ ಇಳಿದಾಗ ಮೊದಲು ಬೇಕೆನಿಸುವುದು ಬಿಸಿ ಕಾಫಿ. ಹೀಗೆ ಹೋಗಿ ಬಂದ ಹಿರಿಯ ಸದಸ್ಯರೊಬ್ಬರು ಮೊನ್ನೆ ಸಂಘದ ಕಚೇರಿಯಲ್ಲಿ ಕುಳಿತು, "ಏನು ಸೆಕ್ರೆಟ್ರಿಗಳೇ, ಕಾಫಿ ಬೆಳೆಯುವವರು ನಾವು. ಅಷ್ಟು ದೊಡ್ಡ ಊರಿನಲ್ಲಿ ನೆಮ್ಮದಿಯಿಂದ ಒಂದು ಲೋಟ ಕಾಫಿ ಕುಡಿಯುವ ಜಾಗ ನಮಗೇ ಸಿಗುವುದಿಲ್ಲವಲ್ಲ ಮಾರಾಯ್ರೆ!" ಎಂದರು. ಅವರಿಗೆ ಹೇಳಿದ್ದನ್ನೇ ಸ್ವಲ್ಪ ವಿಸ್ತರಿಸಿ ಎಲ್ಲ ಸದಸ್ಯರ ಉಪಯೋಗಕ್ಕಾಗಿ ಇಲ್ಲಿ ಬರೆಯುತ್ತಿದ್ದೇವೆ.

ಅಂಥ ಅನುಭವ ನಮಗೂ ಆಗಿದೆ. ಕಳೆದ ವರ್ಷ ಕೆಲಸದ ನಡುವೆ ನಗರದ ನಡುಭಾಗದ ಒಂದು ದೊಡ್ಡ ಅಂಗಡಿಯನ್ನು ಹೊಕ್ಕೆವು. ಗೋಡೆಯ ತುಂಬ ಕೆಂಪು ಕಾಫಿ ಹಣ್ಣಿನ ಚಿತ್ರ. ಫಿಲ್ಟರ್ ಕಾಫಿ ಕೇಳಿದರೆ ಇಲ್ಲವೆಂದರು. ಫಲಕದಲ್ಲಿದ್ದ ಹೆಸರುಗಳು ನಮಗೆ ತಿಳಿಯಲಿಲ್ಲ. ಕೊನೆಗೆ ಕಾಗದದ ದೊಡ್ಡ ಲೋಟವೊಂದು ಬಂತು. ಇದು ಯಾವ ಊರಿನ ಕಾಫಿ ಎಂದು ಕೇಳಿದೆವು. ಹುಡುಗ ಪಾಪ, "ಗೊತ್ತಿಲ್ಲ ಸರ್, ಪ್ಯಾಕೆಟಿನಲ್ಲಿ ಬರುತ್ತದೆ" ಎಂದ. ಅವನದು ತಪ್ಪೇನಿಲ್ಲ. ಆದರೆ ನಾವು ಬೆಳೆದ ವಸ್ತುವಿನ ಎದುರೇ ನಾವು ಅಪರಿಚಿತರಾದೆವಲ್ಲ ಎಂಬ ಬೇಸರ ಊರಿಗೆ ಬರುವತನಕ ಹೋಗಲಿಲ್ಲ.

ಹಿಂದಿನ ಕಥೆ

ಬೆಂಗಳೂರಿನ ಕಾಫಿ ಹೋಟೆಲುಗಳನ್ನು ಕಟ್ಟಿದವರಲ್ಲಿ ನಮ್ಮ ಅವಿಭಜಿತ ದಕ್ಷಿಣ ಕನ್ನಡದವರ ಪಾಲು ದೊಡ್ಡದು. ಉಡುಪಿಯ ಕಡೆಯಿಂದ ಹೋದ ಮಯ್ಯ ಸಹೋದರರು 1924ರಲ್ಲಿ ತೊಡಗಿಸಿದ ಸಣ್ಣ ಹೋಟೆಲೇ ಮುಂದೆ ಲಾಲ್‌ಬಾಗ್ ರಸ್ತೆಯ ಮಾವಳ್ಳಿ ಟಿಫಿನ್ ರೂಮ್ಸ್ ಎಂದು ಪ್ರಸಿದ್ಧವಾಯಿತು. ಗಾಂಧಿ ಬಜಾರಿನ ವಿದ್ಯಾರ್ಥಿ ಭವನ 1943ರದು. ಶಂಕರಪುರದ ಬ್ರಾಹ್ಮಿನ್ಸ್ ಕಾಫಿ ಬಾರ್ 1965ರಲ್ಲಿ ಆರಂಭವಾಯಿತು. ಜಯನಗರದಲ್ಲಿ 1983ರಲ್ಲಿ ತೆರೆದ ಕೆಫೆ ದರ್ಶಿನಿಯಿಂದ, ನಿಂತೇ ತಿಂಡಿ ತಿಂದು ಕಾಫಿ ಕುಡಿದು ಹೋಗುವ 'ದರ್ಶಿನಿ'ಗಳ ಪದ್ಧತಿ ಊರೆಲ್ಲ ಹಬ್ಬಿತು. ಕುರ್ಚಿ ಮೇಜು ಇಲ್ಲದ ಕಾರಣ ಸಣ್ಣ ಜಾಗ ಸಾಕು, ಮಾಣಿಗಳ ಸಂಬಳವಿಲ್ಲ. ಅದರಿಂದಲೇ ಸಾಮಾನ್ಯರಿಗೆ ಕೈಗೆಟಕುವ ದರದಲ್ಲಿ ಒಳ್ಳೆಯ ಕಾಫಿ ಸಿಗುವಂತಾಯಿತು.

ಸಹಕಾರಿಗಳಾದ ನಾವು ಮರೆಯಬಾರದ ಇನ್ನೊಂದು ಕಥೆಯಿದೆ. ದೇಶದೊಳಗೆ ಕಾಫಿ ಕುಡಿಯುವವರನ್ನು ಹೆಚ್ಚಿಸುವ ಉದ್ದೇಶದಿಂದ 1936ರಲ್ಲಿ ಮುಂಬಯಿಯಲ್ಲಿ ಮೊದಲ ಇಂಡಿಯಾ ಕಾಫಿ ಹೌಸ್ ತೆರೆಯಿತು. ಮುಂದೆ ಕಾಫಿ ಮಂಡಳಿಯ ಆಡಳಿತಕ್ಕೆ ಬಂದ ಈ ಕಾಫಿ ಹೌಸುಗಳನ್ನು ಐವತ್ತರ ದಶಕದಲ್ಲಿ ಮುಚ್ಚಲು ಹೊರಟಾಗ ಕೆಲಸಗಾರರು ಬೀದಿಗೆ ಬಿದ್ದರು. ಎ.ಕೆ. ಗೋಪಾಲನ್ ಅವರ ಪ್ರೇರಣೆಯಿಂದ ಅವರೇ ಸಹಕಾರ ಸಂಘ ಕಟ್ಟಿಕೊಂಡರು. ಅಂಥ ಮೊದಲ ಸಂಘ 1957ರ ಆಗಸ್ಟಿನಲ್ಲಿ ಬೆಂಗಳೂರಿನಲ್ಲಿಯೇ ಸ್ಥಾಪನೆಯಾಯಿತು. ಲೋಟ ತಂದಿಡುವವನೇ ಅಂಗಡಿಯ ಪಾಲುಗಾರ. ಎಂ.ಜಿ. ರಸ್ತೆಯಲ್ಲಿ ದಶಕಗಳ ಕಾಲ ನಡೆದ ಅವರ ಕಾಫಿ ಹೌಸ್ 2009ರಲ್ಲಿ ಹಳೆಯ ಕಟ್ಟಡ ಬಿಡಬೇಕಾಗಿ ಬಂದು, ಪಕ್ಕದ ಚರ್ಚ್ ಸ್ಟ್ರೀಟಿಗೆ ಸ್ಥಳಾಂತರವಾಯಿತು.

1996 ಇನ್ನೊಂದು ತಿರುವು. ಕಾಫಿಯನ್ನೆಲ್ಲ ಮಂಡಳಿಯ ಪೂಲಿಗೆ ಒಪ್ಪಿಸಬೇಕೆಂಬ ಕಟ್ಟುಪಾಡು ಅಂದಿಗೆ ಪೂರ್ತಿಯಾಗಿ ಮುಗಿದು, ಬೆಳೆಗಾರನಿಗೆ ತನ್ನ ಬೆಳೆಯನ್ನು ತಾನೇ ಮಾರುವ ಸ್ವಾತಂತ್ರ್ಯ ಬಂತು. ಅದೇ ವರ್ಷ ಚಿಕ್ಕಮಗಳೂರಿನ ಬೆಳೆಗಾರ ಮನೆತನದ ವಿ.ಜಿ. ಸಿದ್ಧಾರ್ಥ ಅವರ ಮೊದಲ ಕಾಫಿ ಡೇ ಬ್ರಿಗೇಡ್ ರಸ್ತೆಯಲ್ಲಿ ತೆರೆಯಿತು. ಹೊಸ ಕಾಲದ ಅಂಗಡಿಗಳೆಲ್ಲ ಕೆಟ್ಟವೆಂದು ನಾವು ಹೇಳುವುದಿಲ್ಲ. ಈಚೆಗೆ ತೋಟದ ಹೆಸರನ್ನೇ ಪ್ಯಾಕೆಟಿನ ಮೇಲೆ ಅಚ್ಚುಹಾಕಿ ಮಾರುವ ಸಣ್ಣ ಅಂಗಡಿಗಳೂ ಬಂದಿವೆ. ದರ ಹೆಚ್ಚಾದರೂ ಒಮ್ಮೆ ನೋಡಿ ಬರಬೇಕಾದ ಜಾಗಗಳು.

ಹುಡುಕುವುದು ಹೇಗೆ?

ಮೊದಲನೆಯದು, ದೊಡ್ಡ ರಸ್ತೆಯಲ್ಲಿ ಹುಡುಕಬೇಡಿ. ಅಲ್ಲಿಯ ಬಾಡಿಗೆಯನ್ನು ಕೊಡಲು ಸಣ್ಣ ಹೋಟೆಲಿಗೆ ಸಾಧ್ಯವಿಲ್ಲ. ಒಂದು ತಿರುವು ಒಳಗೆ ಹೋಗಿ. ಚಿಕ್ಕಪೇಟೆ, ಅವೆನ್ಯೂ ರಸ್ತೆಯಂಥ ಹಳೆಯ ಪೇಟೆಗಳಲ್ಲಿ ಅಡ್ಡ ಓಣಿಗಳೇ ಕಾಫಿಯ ಜಾಗಗಳು. ಹತ್ತು ಗಂಟೆಯ ಮೇಲೆ ಜವಳಿ ಅಂಗಡಿಯ ಗುಮಾಸ್ತರು ಎದ್ದು ಎತ್ತ ಹೋಗುತ್ತಾರೆಂದು ನೋಡಿದರೆ ಸಾಕು, ದಾರಿ ತಿಳಿಯುತ್ತದೆ.

ಎರಡನೆಯದು, ದಿನಾಲೂ ಬರುವ ಗಿರಾಕಿಗಳು ಇದ್ದಾರೆಯೇ ಎಂದು ಗಮನಿಸಿ. ಕೇಳುವ ಮೊದಲೇ ಒಬ್ಬನಿಗೆ ಸಕ್ಕರೆ ಕಡಿಮೆ, ಇನ್ನೊಬ್ಬನಿಗೆ ಸ್ಟ್ರಾಂಗ್ ಎಂದು ಕೊಡುವ ಹೋಟೆಲು ನಂಬಿಕೆಗೆ ಯೋಗ್ಯ.

ಮೂರನೆಯದು, ಡಿಕಾಕ್ಷನ್ ನೋಡಿ. ಒಳ್ಳೆಯ ಕಡೆ ಡಿಕಾಕ್ಷನ್ ಬೇರೆ, ಹಾಲು ಬೇರೆ ಇರುತ್ತದೆ. ಕೇಳಿದ ಮೇಲೆ ಲೋಟಕ್ಕೆ ಬೆರೆಸಿ ಕೊಡುತ್ತಾರೆ. ಎರಡನ್ನೂ ಮೊದಲೇ ಬೆರೆಸಿ ಒಲೆಯ ಮೇಲೆ ಕುದಿಸುತ್ತ ಇಟ್ಟಲ್ಲಿ ಕಹಿ ಮತ್ತು ಕಮಟು ವಾಸನೆ ಖಂಡಿತ.

ನಾಲ್ಕನೆಯದು, 'ಬೈ ಟು' ಕೇಳಿ ನೋಡಿ. ಒಂದು ಕಾಫಿಯನ್ನು ಎರಡು ಲೋಟಕ್ಕೆ ಹಂಚಿಕೊಡುವ ಈ ಪದ್ಧತಿ ಬೆಂಗಳೂರಿನ ಸಣ್ಣ ಹೋಟೆಲುಗಳ ದೊಡ್ಡ ಗುಣ. ಮುಖ ಸಿಂಡರಿಸದೆ ಕೊಟ್ಟರೆ ಆ ಮಾಲೀಕ ಗಿರಾಕಿಯ ಜೇಬನ್ನಲ್ಲ, ಗಿರಾಕಿಯನ್ನೇ ನೋಡುವವನೆಂದು ತಿಳಿಯಬಹುದು.

ಐದನೆಯದು, ಪುಡಿಯ ವಿಷಯ ವಿಚಾರಿಸಿ. ಎಷ್ಟು ಕಾಫಿ, ಎಷ್ಟು ಚಿಕೋರಿ ಎಂದು ಕೇಳಿದರೆ ಮುಚ್ಚುಮರೆಯಿಲ್ಲದೆ ಹೇಳಬೇಕು. ಚಿಕೋರಿ ಒಂದು ಗಿಡದ ಬೇರು. ಹುರಿದು ಪುಡಿಮಾಡಿ ಬೆರೆಸಿದರೆ ಬಣ್ಣವೂ ಮಂದವೂ ಬರುತ್ತದೆ, ಕಾಫಿಯ ಗುಣ ಬರುವುದಿಲ್ಲ. ಮಿಶ್ರಣದಲ್ಲಿ ಕಾಫಿ ಶೇಕಡಾ 51ಕ್ಕೆ ಕಡಿಮೆ ಇರಕೂಡದು, ಪ್ರಮಾಣವನ್ನು ಪ್ಯಾಕೆಟಿನ ಮೇಲೆ ಕಾಣಿಸಬೇಕು ಎಂಬುದು ಕಾನೂನು.

ಮೆಜೆಸ್ಟಿಕ್ಕಿನಲ್ಲಿ ಇಳಿದವರಿಗೆ ಈಗ ಮೆಟ್ರೋ ರೈಲಿನ ಅನುಕೂಲವಿದೆ. ಹಸಿರು ಮಾರ್ಗದಲ್ಲಿ ನ್ಯಾಷನಲ್ ಕಾಲೇಜು ನಿಲ್ದಾಣಕ್ಕೆ ಹೋದರೆ ಗಾಂಧಿ ಬಜಾರ್ ಮತ್ತು ಶಂಕರಪುರ ಎರಡೂ ದೂರವಲ್ಲ. ನೇರಳೆ ಮಾರ್ಗದಲ್ಲಿ ಎಂ.ಜಿ. ರಸ್ತೆಗೆ ಹೋದರೆ ಚರ್ಚ್ ಸ್ಟ್ರೀಟ್ ಹತ್ತಿರ. ಪ್ರಸಿದ್ಧ ಹೋಟೆಲುಗಳಲ್ಲಿ ರಜಾದಿನ ಜನಸಂದಣಿ ಬಹಳ. ವಾರದ ದಿನ ಬೆಳಿಗ್ಗೆ ಬೇಗ ಹೋಗುವುದು ಲೇಸು. ಮಂಡಿನೋವಿನ ಹಿರಿಯರು ಜೊತೆಗಿದ್ದರೆ ನಿಂತು ಕುಡಿಯುವ ಹೋಟೆಲಿಗೆ ಕರೆದೊಯ್ಯದೆ ಕಾಫಿ ಹೌಸಿನಂಥ ಕುಳಿತುಕೊಳ್ಳುವ ಜಾಗ ನೋಡಿಕೊಳ್ಳಿ.

ಲೋಟದ ಲೆಕ್ಕ

ಕಾಫಿ ಕುಡಿಯುತ್ತ ಒಂದು ಲೆಕ್ಕ ಹಾಕಿ. ಒಂದು ಕಿಲೋ ಕಾಫಿ ಬೀಜ ಹುರಿದಾಗ ತೂಕ ಶೇಕಡಾ 15ರಿಂದ 20ರಷ್ಟು ಇಳಿಯುತ್ತದೆ. ಉಳಿಯುವುದು ಸುಮಾರು 820 ಗ್ರಾಂ. ಲೋಟಕ್ಕೆ 10 ಗ್ರಾಂ ಹಿಡಿದರೆ 80 ಲೋಟಕ್ಕೆ ಮೋಸವಿಲ್ಲ. ಶೇಕಡಾ 30 ಚಿಕೋರಿ ಬೆರೆಸಿದರೆ ಅದೇ ಬೀಜದಿಂದ 115 ಲೋಟದವರೆಗೂ ಆಗುತ್ತದೆ. ಒಣಗಿದ ರೋಬಸ್ಟಾ ಚೆರಿಯಲ್ಲಿ ಅರ್ಧದಷ್ಟು ಬೀಜ ಎಂದಿಟ್ಟುಕೊಂಡರೆ, ನಮ್ಮ 50 ಕಿಲೋ ಚೆರಿಯ ಒಂದು ಮೂಟೆ ಎಂದರೆ 2,000 ಲೋಟ ಕಾಫಿ. ಆ ಮೂಟೆಗೆ ನಿಮಗೆ ಸಿಕ್ಕಿದ ಹಣವನ್ನು 2,000ದಿಂದ ಭಾಗಿಸಿದರೆ ಒಂದು ಲೋಟದಲ್ಲಿ ನಿಮ್ಮ ಪಾಲು ಎಷ್ಟೆಂದು ತಿಳಿಯುತ್ತದೆ.

ಸಣ್ಣ ಹೋಟೆಲಿನಲ್ಲಿ ಉಳಿದ ಹಣ ಹಾಲು, ಸಕ್ಕರೆ, ಗ್ಯಾಸು, ಕೂಲಿಗೆ ಹೋಗುತ್ತದೆ. ದೊಡ್ಡ ಅಂಗಡಿಯಲ್ಲಿ ಬಾಡಿಗೆ, ತಂಪು ಗಾಳಿ, ಅಲಂಕಾರಕ್ಕೆ ಹೋಗುತ್ತದೆ. ಲೋಟದ ಬೆಲೆ ಹತ್ತು ಪಟ್ಟು ಏರಿದರೂ ತೋಟಕ್ಕೆ ಹತ್ತು ಪಟ್ಟು ಬರುವುದಿಲ್ಲ.

ನಮ್ಮ ಅಂಗಳದ ಪಾಲು

ಇಷ್ಟೆಲ್ಲ ಬರೆಯಲು ಒಂದು ಕಾರಣವಿದೆ. ಸಂಪಾಜೆ, ಅರಂತೋಡು ಕಡೆಯ ಅಡಿಕೆ ತೋಟಗಳನ್ನು ಹಳದಿ ಎಲೆ ರೋಗ ಹೇಗೆ ಹಾಳುಮಾಡಿದೆ ಎಂಬುದನ್ನು ನಮ್ಮವರಿಗೆ ಹೇಳಬೇಕಾಗಿಲ್ಲ. ರೋಗ ಗುಣಪಡಿಸುವ ಮದ್ದು ಇನ್ನೂ ಬಂದಿಲ್ಲ. ಆದಕಾರಣ ಅಡಿಕೆಯ ನಡುವೆ ರೋಬಸ್ಟಾ ಹಾಕಿದವರು, ಹಾಕಲು ಹೊರಟವರು ನಮ್ಮಲ್ಲಿ ಹಲವರಿದ್ದಾರೆ. ಮುಂದೆ ಮನೆಯ ಖರ್ಚು ಕಾಫಿಯ ಮೇಲೆ ನಿಲ್ಲುವುದಾದರೆ ಅದರ ರುಚಿ ನಮಗೆ ತಿಳಿದಿರಬೇಡವೇ?

ಅಡಿಕೆಯಲ್ಲಿ ಪಟೋರವನ್ನೂ ಕರಿಗೋಟನ್ನೂ ಕಣ್ಣುಮುಚ್ಚಿ ಬೇರೆ ಮಾಡುವ ನಾವು, ಕಾಫಿಯಲ್ಲಿ ಕಾಯಿ, ಹಣ್ಣು, ಒಣಗಿದ್ದು ಎಲ್ಲವನ್ನೂ ಒಂದೇ ಬುಟ್ಟಿಗೆ ಉದುರಿಸಿಬಿಡುತ್ತೇವೆ. ಅಡಿಕೆ ಹರಡಿದ ಅಂಗಳದ ಮೂಲೆಯಲ್ಲಿ ಮಣ್ಣಿನ ಮೇಲೆಯೇ ಚೆರಿ ಒಣಗಿಸುತ್ತೇವೆ. ಕಾಫಿ ಬೀಜ ಸುತ್ತಲಿನ ವಾಸನೆಯನ್ನು ಬೇಗ ಹೀರಿಕೊಳ್ಳುತ್ತದೆ. ಹಸಿ ಮೂಟೆಯಲ್ಲಿ ಬೂಷ್ಟು ಹಿಡಿದ ಬೀಜದ ವಾಸನೆಯನ್ನು ಎಂಥ ಒಳ್ಳೆಯ ಭಟ್ಟನೂ ಮರೆಮಾಡಲಾರ. ಚಿಕೋರಿ ಹೆಚ್ಚು ಬೆರೆಸುವುದಕ್ಕೆ ಇಂಥ ಬೀಜವೂ ಒಂದು ನೆಪವಾಗುತ್ತದೆ.

ಹಣ್ಣಾದುದನ್ನೇ ಕೊಯ್ಯಿರಿ. ಸಿಮೆಂಟು ಅಂಗಳದಲ್ಲೋ ಟಾರ್ಪಾಲಿನಲ್ಲೋ ಅಡಿಕೆಯಿಂದ ಬೇರೆಯಾಗಿ, ತೆಳ್ಳಗೆ ಹರಡಿ, ದಿನಕ್ಕೆ ಹಲವು ಸಲ ಕೈಯಾಡಿಸಿ ಒಣಗಿಸಿರಿ. ರಾತ್ರಿ ಮುಚ್ಚಿಡಿ. ಮುಷ್ಟಿಯಲ್ಲಿ ಹಿಡಿದು ಅಲುಗಿಸಿದರೆ ಕಿಲಕಿಲ ಸದ್ದು ಬರಬೇಕು. ತೇವಾಂಶ ಶೇಕಡಾ 11ರ ಆಸುಪಾಸಿಗೆ ಇಳಿಯುವತನಕ ಮೂಟೆ ಕಟ್ಟಬೇಡಿ.

ನಮ್ಮಲ್ಲಿ ಎಷ್ಟೋ ಮನೆಗಳಲ್ಲಿ ಒಳ್ಳೆಯ ಬೀಜ ಮಾರಿ, ಪೇಟೆಯ ಪುಡಿ ತಂದು ಕುಡಿಯುತ್ತಾರೆ. ಈ ಸಲ ಎರಡು ಕಿಲೋ ಬೀಜ ಉಳಿಸಿಕೊಂಡು ಹುರಿಸಿ ಕುಡಿದು ನೋಡಿ. ಮುಂದೆ ಬೆಂಗಳೂರಿಗೆ ಹೋದಾಗ ಯಾವುದಾದರೂ ಓಣಿಯ ಸಣ್ಣ ಹೋಟೆಲಿನಲ್ಲಿ ಲೋಟ ಹಿಡಿದು ನಿಂತು, "ಇದು ಯಾವ ಕಡೆಯ ಕಾಫಿ?" ಎಂದು ಮಾಲೀಕರನ್ನು ಕೇಳಿ. "ನಾವು ಸಂಪಾಜೆ ಕಡೆಯವರು, ಕಾಫಿ ಬೆಳೆಯುತ್ತೇವೆ" ಎಂದೂ ಹೇಳಿ. ಆ ಹಿರಿಯ ಸದಸ್ಯರು ಮುಂದಿನ ತಿಂಗಳು ಮತ್ತೆ ಹೋಗುವವರಿದ್ದಾರೆ. ಬಂದ ಮೇಲೆ ಕಚೇರಿಗೆ ಬಂದು ವರದಿ ಒಪ್ಪಿಸಬೇಕೆಂದು ಅವರಿಗೆ ಹೇಳಿದ್ದೇವೆ. ನೀವೂ ಹೋಗಿ ಬಂದು ತಿಳಿಸಿದರೆ ಒಳ್ಳೆಯ ಜಾಗಗಳ ಪಟ್ಟಿಯೊಂದನ್ನು ಸಂಘದ ಫಲಕದಲ್ಲಿ ಹಾಕುತ್ತೇವೆ.