ದೂರದ ದವಾಖಾನೆಯೂ ದಾರಿಯ ವೆಚ್ಚವೂ

ರೋಗವು ಊರು ನೋಡಿ ಬರುವುದಿಲ್ಲ. ಆದರೆ ರೋಗಿಯ ಅಳಿವು ಉಳಿವು ಎಷ್ಟೋ ಸಲ ಅವನ ಊರು ಎಲ್ಲಿದೆಯೆಂಬುದರ ಮೇಲೆಯೇ ನಿಂತಿರುತ್ತದೆ. ಮೊದಲು ರೋಣ ತಾಲೂಕಿಗೆ ಸೇರಿದ್ದು ಈಗ ಗಜೇಂದ್ರಗಡ ತಾಲೂಕಿನಲ್ಲಿರುವ ಪುರ್ತಗೇರಿಯನ್ನೇ ತೆಗೆದುಕೊಳ್ಳಿರಿ. ಜೋಳ ಕಡಲೆಗಳನ್ನು ಬೆಳೆದು, ಮಳೆಯನ್ನು ನಂಬಿ ಬದುಕುವ ಸೀಮೆಯಿದು. ಗಜೇಂದ್ರಗಡ ಪಟ್ಟಣವು ಇಲ್ಲಿಗೆ ಸಮೀಪವೇ ಸರಿ. ಆದರೆ ಅಲ್ಲಿಂದ ಗದುಗು 50 ಕಿಲೋಮೀಟರಿಗೂ ಮಿಕ್ಕ ದೂರ. ಹುಬ್ಬಳ್ಳಿಯನ್ನು ಮುಟ್ಟಬೇಕಾದರೆ ನೂರು ಕಿಲೋಮೀಟರನ್ನು ದಾಟಬೇಕು. ಗದುಗಿನಲ್ಲಿ 2015ರಿಂದ ಸರಕಾರಿ ವೈದ್ಯಕೀಯ ಕಾಲೇಜು ನಡೆದಿದೆ. 1957ರಲ್ಲಿ ಸ್ಥಾಪಿತವಾದ ಹುಬ್ಬಳ್ಳಿಯ ವೈದ್ಯಕೀಯ ಕಾಲೇಜಂತೂ ಈ ಸೀಮೆಯ ಜನರಿಗೆ ಬಹುಕಾಲದ ಆಸರೆಯಾಗಿದೆ.

ಇಂಥ ಊರಿನ ಬಡ ರೈತನ ಕೈಯಲ್ಲಿ ಇಂದು ವರ್ಷಕ್ಕೆ ಐದು ಲಕ್ಷ ರೂಪಾಯಿಗಳ ಚಿಕಿತ್ಸೆಗೆ ಹಕ್ಕು ಕೊಡುವ ಸರಕಾರಿ ಚೀಟಿಯಿದೆ. ಇದು ಸಣ್ಣ ಮಾತಲ್ಲ. ಆದರೆ ಆ ಚೀಟಿಗೆ ಬೆಲೆ ಬರುವುದು ದವಾಖಾನೆಯ ಬಾಗಿಲನ್ನು ಮುಟ್ಟಿದ ಮೇಲೆ. ಬಾಗಿಲವರೆಗಿನ ದಾರಿಯನ್ನು ಯಾರು ನೋಡಿಕೊಳ್ಳಬೇಕು? ಇಂದು ವಾಚಕರ ಮುಂದೆ ಇಡಬೇಕೆಂದಿರುವ ಪ್ರಶ್ನೆಯು ಇದೊಂದೇ.

ನಡುರಾತ್ರಿಯಲ್ಲಿ ಒಬ್ಬನಿಗೆ ಎದೆನೋವು ಬಂದಿತೆಂದು ಭಾವಿಸೋಣ. ಮನೆಯವರು 108ಕ್ಕೆ ಕರೆ ಮಾಡುತ್ತಾರೆ. ವಾಹನವು ಬಂದು ಹತ್ತಿರದ ದವಾಖಾನೆಗೆ ಒಯ್ಯುತ್ತದೆ. ಅಲ್ಲಿಯ ವೈದ್ಯರು ಪರೀಕ್ಷಿಸಿ, ತಮ್ಮಲ್ಲಿ ಇರುವ ಔಷಧವನ್ನು ಕೊಟ್ಟು, ಗದುಗಿಗೋ ಹುಬ್ಬಳ್ಳಿಗೋ ಒಯ್ಯಿರೆಂದು ಬರೆದುಕೊಡುತ್ತಾರೆ. ಆ ಗಳಿಗೆಗೆ ಸರಕಾರಿ ವಾಹನವು ಬಿಡುವಾಗಿದ್ದರೆ ಪುಣ್ಯ. ಅದು ಬೇರೊಂದು ಊರಿನ ಬಾಣಂತಿಯನ್ನು ಕರೆತರಲು ಹೋಗಿದ್ದರೆ ಬಾಡಿಗೆಯ ವಾಹನವೇ ಗತಿ. ಬಾಡಿಗೆಯನ್ನು ಮೊದಲೇ ಎಣಿಸಬೇಕು. ಆ ಹೊತ್ತಿನಲ್ಲಿ ಚೌಕಾಶಿಗೆ ಎಡೆಯಿಲ್ಲ. ಐದು ಲಕ್ಷದ ಚೀಟಿಯನ್ನು ಕಿಸೆಯಲ್ಲಿ ಇಟ್ಟುಕೊಂಡವನು ಕೆಲವು ಸಾವಿರ ರೂಪಾಯಿಗಳ ಕೈಗಡಕ್ಕಾಗಿ ನೆರೆಯವರ ಬಾಗಿಲು ಬಡಿಯುತ್ತಾನೆ. ನಮ್ಮ ಹಳ್ಳಿಗಳನ್ನು ಬಲ್ಲ ಯಾರೂ ಇದನ್ನು ಅತಿಶಯೋಕ್ತಿಯೆನ್ನಲಾರರು.

ಸರಕಾರವು ಏನೂ ಮಾಡಿಲ್ಲವೆಂದು ಹೇಳುವುದು ಅನ್ಯಾಯವಾದೀತು. 2008ನೆಯ ನವೆಂಬರ 1ರಂದು ಆರಂಭವಾದ ‘ಆರೋಗ್ಯ ಕವಚ’ವು ನಾಡಿನ ಮೂಲೆಮೂಲೆಗೂ ಉಚಿತ ವಾಹನವನ್ನು ತಂದಿತು. 2011ರ ಜೂನದಲ್ಲಿ ಬಂದ ಜನನಿ ಶಿಶು ಸುರಕ್ಷಾ ಕಾರ್ಯಕ್ರಮವು ಗರ್ಭಿಣಿಯರಿಗೆ ಮನೆಯಿಂದ ದವಾಖಾನೆಗೆ, ಒಂದು ದವಾಖಾನೆಯಿಂದ ಇನ್ನೊಂದಕ್ಕೆ, ಕಡೆಗೆ ಮರಳಿ ಮನೆಗೆ, ಹೀಗೆ ಮೂರೂ ಘಟ್ಟದ ಪ್ರಯಾಣವನ್ನು ಹಕ್ಕೆಂದೇ ಸಾರಿತು. ಈಚಿನ ವರ್ಷಗಳಲ್ಲಿ ‘ಹೃದಯ ಜ್ಯೋತಿ’ ಯೋಜನೆಯಿಂದ ಹಲವು ತಾಲೂಕು ದವಾಖಾನೆಗಳಲ್ಲಿಯೇ ಹೃದಯದ ಇಸಿಜಿ ತೆಗೆದು, ದೂರದ ತಜ್ಞರಿಗೆ ತೋರಿಸಿ, ಹೆಪ್ಪುಗಟ್ಟಿದ ರಕ್ತವನ್ನು ಕರಗಿಸುವ ಬೆಲೆಯುಳ್ಳ ಚುಚ್ಚುಮದ್ದನ್ನು ಉಚಿತವಾಗಿ ಕೊಡಲಾಗುತ್ತಿದೆ. ಇವೆಲ್ಲ ಪ್ರಶಂಸಾರ್ಹವೇ. ಆದರೆ ಚುಚ್ಚುಮದ್ದಿನ ಮೇಲೂ ರೋಗಿಯು ದೊಡ್ಡ ದವಾಖಾನೆಯನ್ನು ಸೇರಲೇಬೇಕು. ದಾರಿಯು ತುಸು ಕಾಯಬಲ್ಲುದಾಯಿತೇ ಹೊರತು ಇಲ್ಲದಾಗಲಿಲ್ಲ.

ವಾಹನಗಳ ಹಂಚಿಕೆಯಲ್ಲಿಯೂ ಒಂದು ಮೂಲದೋಷವಿದೆ. ಲಕ್ಷ ಜನರಿಗೆ ಒಂದು ಸಾಮಾನ್ಯ ವಾಹನ, ಐದು ಲಕ್ಷಕ್ಕೆ ಒಂದು ಉನ್ನತ ಸಲಕರಣೆಯ ವಾಹನ ಎಂಬುದು ರಾಷ್ಟ್ರೀಯ ಆರೋಗ್ಯ ಅಭಿಯಾನದ ಲೆಕ್ಕ. ಇದು ತಲೆಗಳನ್ನು ಎಣಿಸುತ್ತದೆ, ದೂರವನ್ನು ಅಳೆಯುವುದಿಲ್ಲ. ಹುಬ್ಬಳ್ಳಿಯ ಲಕ್ಷ ಜನರು ಕೆಲವೇ ಓಣಿಗಳಲ್ಲಿ ನೆಲೆಸಿರುತ್ತಾರೆ. ಅಲ್ಲಿಯ ವಾಹನವು ಅರ್ಧ ಗಂಟೆಯಲ್ಲಿ ಹೋಗಿ ಬಂದೀತು. ಗಜೇಂದ್ರಗಡದ ಕಡೆಯ ಲಕ್ಷ ಜನರು ಹತ್ತಾರು ಹಳ್ಳಿಗಳಲ್ಲಿ ಚದರಿದ್ದಾರೆ. ಇಲ್ಲಿಯ ವಾಹನವು ಒಬ್ಬನನ್ನು ಹುಬ್ಬಳ್ಳಿಗೆ ಒಯ್ದು ಮರಳುವಷ್ಟರಲ್ಲಿ ನಾಲ್ಕಾರು ತಾಸುಗಳು ಕಳೆಯುತ್ತವೆ. ಅಷ್ಟು ಹೊತ್ತು ಉಳಿದವರಿಗೆ ಆ ವಾಹನವು ಇದ್ದೂ ಇಲ್ಲದಂತೆ.

ಇನ್ನು ವಿಮೆಯ ಮಾತು. ಈ ವಿಷಯದಲ್ಲಿ ಕರ್ನಾಟಕವು ಯಾರಿಗೂ ಹಿಂದೆ ಬಿದ್ದಿಲ್ಲ. ಸಹಕಾರಿ ಸಂಘಗಳ ರೈತರಿಗಾಗಿ ‘ಯಶಸ್ವಿನಿ’ಯು 2003ರಲ್ಲಿ ಕಾರ್ಯರೂಪಕ್ಕೆ ಬಂದಾಗ ಸದಸ್ಯನ ವಾರ್ಷಿಕ ವಂತಿಗೆಯು ಕೇವಲ 60 ರೂಪಾಯಿ. 2010ರಲ್ಲಿ ಉತ್ತರ ಭಾಗದಿಂದ ಆರಂಭವಾದ ‘ವಾಜಪೇಯಿ ಆರೋಗ್ಯಶ್ರೀ’ಯು ಬಡವರಿಗೆ ಹೃದಯ, ಮೂತ್ರಪಿಂಡ, ಅರ್ಬುದ ಮುಂತಾದ ಘೋರ ರೋಗಗಳ ಚಿಕಿತ್ಸೆಯನ್ನು ಒದಗಿಸಿತು. 2018ರಲ್ಲಿ ‘ಆಯುಷ್ಮಾನ್ ಭಾರತ’ವೂ ‘ಆರೋಗ್ಯ ಕರ್ನಾಟಕ’ವೂ ಒಂದಾದವು. ಈ ನಡುವೆ ಕೇಂದ್ರ ಸರಕಾರದ ‘ರಾಷ್ಟ್ರೀಯ ಸ್ವಾಸ್ಥ್ಯ ಬಿಮಾ ಯೋಜನೆ’ಯೊಂದು 2008ರಲ್ಲಿ ಬಂದು ಹೋಯಿತು. ಐದು ಜನರ ಕುಟುಂಬಕ್ಕೆ ಅದರ ಮಿತಿಯು ವರ್ಷಕ್ಕೆ 30,000 ರೂಪಾಯಿ ಮಾತ್ರ. ಆದರೂ ದವಾಖಾನೆ ಸೇರಿದ ಪ್ರತಿಯೊಂದು ಸಲಕ್ಕೂ 100 ರೂಪಾಯಿ, ವರ್ಷಕ್ಕೆ 1000 ರೂಪಾಯಿಗಳವರೆಗೆ, ದಾರಿಯ ಖರ್ಚೆಂದು ಅದರಲ್ಲಿ ಕಾಣಿಸಿತ್ತು. ಮೊತ್ತವು ಅಲ್ಪ, ತತ್ತ್ವವು ದೊಡ್ಡದು. ದಾರಿಯೂ ಚಿಕಿತ್ಸೆಯ ಅಂಗವೆಂದು ಸರಕಾರವು ಅಂದು ಒಪ್ಪಿತ್ತು. ಅದರ ಸ್ಥಾನದಲ್ಲಿ ಬಂದ ಆಯುಷ್ಮಾನ್ ಯೋಜನೆಯು ಮಿತಿಯನ್ನು ಐದು ಲಕ್ಷಕ್ಕೆ ಏರಿಸಿತು. ಔಷಧ, ಶಸ್ತ್ರಕ್ರಿಯೆ, ಊಟ, ಹದಿನೈದು ದಿನಗಳ ನಂತರದ ಆರೈಕೆ ಎಲ್ಲವನ್ನೂ ಪಟ್ಟಿಯಲ್ಲಿ ಸೇರಿಸಿತು. ದಾರಿಯ ಆ ನೂರು ರೂಪಾಯಿಯನ್ನು ಮಾತ್ರ ಕೈಬಿಟ್ಟಿತು.

ಇದರಲ್ಲಿರುವ ವಿಪರ್ಯಾಸವನ್ನು ಅಧಿಕಾರಿಗಳು ಗಮನಿಸಬೇಕು. ನಮ್ಮ ರಾಜ್ಯದ ಯೋಜನೆಯಲ್ಲಿ ಗೊತ್ತುಪಡಿಸಿದ ತುರ್ತು ಚಿಕಿತ್ಸೆಗಳನ್ನು ಬಿಟ್ಟು ಉಳಿದುವಕ್ಕೆ ರೋಗಿಯು ಮೊದಲು ಸರಕಾರಿ ದವಾಖಾನೆಗೆ ಹೋಗಿ, ಅಲ್ಲಿಂದ ಶಿಫಾರಸು ಪತ್ರ ಪಡೆದು, ಮುಂದಿನ ದವಾಖಾನೆಗೆ ಸಾಗಬೇಕು. ನಿಯಮವು ಯುಕ್ತವೇ ಇದ್ದೀತು. ಆದರೆ ಒಂದು ಬಾಗಿಲಿನಿಂದ ಇನ್ನೊಂದು ಬಾಗಿಲಿಗೆ ಹೋಗೆಂದು ಅಪ್ಪಣೆ ಕೊಡುವವರು ಆ ಹೋಗುವಿಕೆಯ ವೆಚ್ಚವನ್ನು ರೋಗಿಯ ತಲೆಗೆ ಕಟ್ಟುವುದು ಯಾವ ನ್ಯಾಯ?

ಸ್ವಂತ ಹಣದಿಂದ ವಿಮೆ ಪಡೆಯುವ ಪಟ್ಟಣಿಗರ ಸ್ಥಿತಿಯೂ ಬಹಳ ಮೇಲಲ್ಲ. 2020ರ ಏಪ್ರಿಲದಿಂದ ಎಲ್ಲ ಕಂಪನಿಗಳೂ ಒಂದೇ ಮಾದರಿಯಲ್ಲಿ ಮಾರಬೇಕೆಂದು ವಿಮಾ ನಿಯಂತ್ರಣ ಪ್ರಾಧಿಕಾರವು ಗೊತ್ತುಪಡಿಸಿದ ‘ಆರೋಗ್ಯ ಸಂಜೀವನಿ’ ಪಾಲಿಸಿಯನ್ನು ತೆರೆದು ನೋಡಿರಿ. ಆಂಬುಲೆನ್ಸಿಗೆ ಅದರಲ್ಲಿ ಒಂದು ಸಲಕ್ಕೆ 2000 ರೂಪಾಯಿಯೇ ಮೇರೆ. ದವಾಖಾನೆಯು ಪಕ್ಕದ ಓಣಿಯಲ್ಲಿರುವವನಿಗೂ ನೂರು ಕಿಲೋಮೀಟರಿನಾಚೆ ಇರುವವನಿಗೂ ಅದೇ ಮೇರೆ. ವಂತಿಗೆಯಲ್ಲಿ ಸಮಾನತೆ, ಫಲದಲ್ಲಿ ಅಸಮಾನತೆ. ಪಾಲಿಸಿಯ ಈ ಒಂದು ಸಾಲನ್ನು ಎಷ್ಟು ಜನ ಸಹಿ ಹಾಕುವ ಮೊದಲು ಓದಿರುತ್ತಾರೆ?

ದಾರಿಯ ವೆಚ್ಚದ ಕೇಡು ದಾರಿಯಲ್ಲಿ ಮಾತ್ರ ಇದೆಯೆಂದು ತಿಳಿಯಬಾರದು. ಬಾಣಂತಿಯರ ಮರಣಕ್ಕೆ ಕಾರಣಗಳನ್ನು ಶೋಧಿಸಿದ ಥ್ಯಾಡಿಯಸ್ ಮತ್ತು ಮೇನ್ ಎಂಬ ಪಂಡಿತರು 1994ರಲ್ಲಿ ಮೂರು ವಿಳಂಬಗಳನ್ನು ಗುರುತಿಸಿದರು: ಹೊರಡಲು ನಿರ್ಧರಿಸುವ ವಿಳಂಬ, ದವಾಖಾನೆಯನ್ನು ಮುಟ್ಟುವ ವಿಳಂಬ, ಮುಟ್ಟಿದ ಮೇಲೆ ಚಿಕಿತ್ಸೆ ದೊರೆಯುವ ವಿಳಂಬ. ಎರಡನೆಯದರ ಭೀತಿಯೇ ಮೊದಲನೆಯದನ್ನು ಹುಟ್ಟಿಸುತ್ತದೆಯೆಂಬುದು ಅನುಭವಸಿದ್ಧ. ‘ಬೆಳಗಾಗಲಿ, ನೋಡೋಣ’ ಎಂಬ ಮಾತು ನಮ್ಮ ಹಳ್ಳಿಗಳಲ್ಲಿ ಎಷ್ಟು ಮನೆಗಳನ್ನು ಮುಳುಗಿಸಿಲ್ಲ! ಅದು ಅಜ್ಞಾನದ ಮಾತೆಂದು ಪಟ್ಟಣಿಗರು ಜರೆಯುತ್ತಾರೆ. ಅಜ್ಞಾನವಲ್ಲ, ಅದು ಲೆಕ್ಕಾಚಾರ: ಬೆಳಗಾದರೆ ಬಸ್ಸು ಇದೆ, ರಾತ್ರಿಗೆ ಬಾಡಿಗೆಯಿದೆ. ವಿಮೆಯು ದಾರಿಯ ಭಾರವನ್ನು ಹೊತ್ತರೆ ಆ ಲೆಕ್ಕಾಚಾರವೇ ಬದಲಾದೀತು.

ವಿಮೆಯು ಪ್ರಾಣವನ್ನು ಉಳಿಸಬಲ್ಲುದೆಂಬುದಕ್ಕೆ ನಮ್ಮ ನಾಡಿನದೇ ಸಾಕ್ಷ್ಯವಿದೆ. ಆರೋಗ್ಯಶ್ರೀಯ ಗಡಿಯ ಎರಡೂ ಪಕ್ಕದ 572 ಹಳ್ಳಿಗಳನ್ನು ಹೋಲಿಸಿದ ಶೋಧವೊಂದು 2014ರಲ್ಲಿ ಬ್ರಿಟಿಷ್ ವೈದ್ಯಕೀಯ ಪತ್ರಿಕೆಯಲ್ಲಿ ಪ್ರಕಟವಾಯಿತು. ಯೋಜನೆಯ ಚಿಕಿತ್ಸೆಗೆ ಒಳಪಡುವ ರೋಗಗಳಿಂದಾದ ಮರಣವು ಬಡ ಕುಟುಂಬಗಳಲ್ಲಿ, ಯೋಜನೆಯಿದ್ದ ಹಳ್ಳಿಗಳಲ್ಲಿ ನೂರಕ್ಕೆ 0.32 ಇದ್ದರೆ, ಇಲ್ಲದ ಹಳ್ಳಿಗಳಲ್ಲಿ 0.90 ಇದ್ದಿತು. ಆ ಯೋಜನೆಯಲ್ಲಿ ದೊಡ್ಡ ದವಾಖಾನೆಗಳು ಹಳ್ಳಿಗಾಡಿನಲ್ಲಿಯೇ ಶಿಬಿರಗಳನ್ನು ನಡೆಸಿ ರೋಗಿಗಳನ್ನು ಗುರುತಿಸುತ್ತಿದ್ದವೆಂಬುದನ್ನು ಮರೆಯಲಾಗದು. ದವಾಖಾನೆಯು ತಾನಾಗಿ ಅರ್ಧ ದಾರಿ ಬಂದಿತ್ತು. ಆದರೆ ಹಾವಿನ ಕಡಿತ, ಕ್ರಿಮಿನಾಶಕದ ವಿಷ, ಹೃದಯಾಘಾತಗಳು ಶಿಬಿರದ ದಿನವನ್ನು ಕಾಯುವುದಿಲ್ಲ. ಅಲ್ಲಿ ಉಳಿಯುವುದು ದಾರಿಯೊಂದೇ.

‘ಹಣ ಕೊಡತೊಡಗಿದರೆ ಸುಳ್ಳು ಲೆಕ್ಕಗಳು ಹುಟ್ಟಿಕೊಳ್ಳುವುವು’ ಎಂಬ ಆಕ್ಷೇಪವು ಬರಬಹುದು. ಆಕ್ಷೇಪವು ನಿರಾಧಾರವಲ್ಲ, ಉಪಾಯವೂ ಕಠಿಣವಲ್ಲ. ಹಣವನ್ನು ರೋಗಿಯ ಕೈಗೂ ಕೊಡದೆ, ಬಾಯಿಮಾತಿನ ಮೇಲೂ ಕೊಡದೆ, ನೋಂದಾಯಿತ ವಾಹನಕ್ಕೇ ಸಲ್ಲಿಸಲಿ. ಕಳುಹಿದ ದವಾಖಾನೆಯ ಶಿಫಾರಸು ಪತ್ರ, ಬರಮಾಡಿಕೊಂಡ ದವಾಖಾನೆಯ ದಾಖಲೆ, ಇವೆರಡರ ನಡುವಿನ ಕಿಲೋಮೀಟರು, ಇಷ್ಟೇ ಪ್ರಮಾಣ ಸಾಕು. ಶಸ್ತ್ರಕ್ರಿಯೆಯ ದರವನ್ನು ನಿಗದಿಪಡಿಸಬಲ್ಲ ಸರಕಾರಕ್ಕೆ ಕಿಲೋಮೀಟರಿನ ದರವನ್ನು ನಿಗದಿಪಡಿಸುವುದು ಅಸಾಧ್ಯವೇ?

ಪರದೇಶಗಳಲ್ಲಿಯೂ ಈ ಪ್ರಶ್ನೆಯು ಎದ್ದಿದೆ. ಸ್ಕಾಟ್ಲೆಂಡಿನ ಬೆಟ್ಟಸೀಮೆ ಮತ್ತು ದ್ವೀಪಗಳ ಜನರ ವೈದ್ಯಕೀಯ ದುಃಸ್ಥಿತಿಯನ್ನು 1912ರಲ್ಲಿ ಸಮಿತಿಯೊಂದು ವಿಚಾರಿಸಿತು. ಮರುವರ್ಷವೇ ಬಂದ ಯೋಜನೆಯಲ್ಲಿ ವೈದ್ಯರ ಪ್ರಯಾಣದ ವೆಚ್ಚವನ್ನು ಸರಕಾರವು ವಹಿಸಿಕೊಂಡಿತು. ದೂರದ ಬಡವನೂ ಅಲ್ಪ ಶುಲ್ಕದಲ್ಲಿ ವೈದ್ಯನನ್ನು ಕರೆಸುವಂತಾಯಿತು. 1933ರಲ್ಲಿ ಅಲ್ಲಿಯ ಐಲಾ ದ್ವೀಪದಿಂದ ಗ್ಲಾಸ್ಗೋವಿಗೆ ರೋಗಿಯೊಬ್ಬನನ್ನು ವಿಮಾನದಲ್ಲಿಯೇ ಒಯ್ದರು. ಇದಕ್ಕೆ ಪ್ರತಿಯಾಗಿ, ಸಂಪದ್ಭರಿತವಾದ ಅಮೇರಿಕೆಯಲ್ಲಿ ಅನಿರೀಕ್ಷಿತ ವೈದ್ಯಕೀಯ ಬಿಲ್ಲುಗಳನ್ನು ತಡೆಯಲು 2022ರಲ್ಲಿ ಜಾರಿಗೆ ಬಂದ ಕಾಯಿದೆಯು ವಿಮಾನದ ಆಂಬುಲೆನ್ಸನ್ನು ಸೇರಿಸಿಕೊಂಡು ನೆಲದ ಮೇಲಿನದನ್ನು ಹೊರಗಿಟ್ಟಿತು. ನಮ್ಮ ದೇಶದಲ್ಲಿಯೇ ಮಧ್ಯಪ್ರದೇಶ ಸರಕಾರವು 2024ರಲ್ಲಿ ವಿಮಾನ ಆಂಬುಲೆನ್ಸನ್ನು ಆರಂಭಿಸಿ, ಆಯುಷ್ಮಾನ್ ಚೀಟಿಯುಳ್ಳವರಿಗೆ ಅದನ್ನು ಉಚಿತವೆಂದು ಸಾರಿತು. ಚೀಟಿಗೂ ದಾರಿಗೂ ಸಂಬಂಧ ಕಲ್ಪಿಸಬಹುದೆಂಬುದಕ್ಕೆ ಇದಕ್ಕಿಂತ ಬೇರೆ ನಿದರ್ಶನ ಬೇಕಿಲ್ಲ. ಪುರ್ತಗೇರಿಯವರು ವಿಮಾನವನ್ನು ಕೇಳುತ್ತಿಲ್ಲ. ರಸ್ತೆಯ ಮೇಲಿನ ಒಂದು ವಾಹನದ ಬಾಡಿಗೆ ಸಿಕ್ಕರೆ ಸಾಕು.

ನಮ್ಮ ಜಿಲ್ಲೆಗೆ ಈ ಮಾರ್ಗವು ಹೊಸದಲ್ಲ. ಗದುಗಿನ ಬಳಿಯ ಕಣಗಿನಹಾಳದಲ್ಲಿ ಸಿದ್ದನಗೌಡ ಪಾಟೀಲರು 1905ರಲ್ಲಿ ದೇಶದ ಮೊದಲ ಕೃಷಿ ಪತ್ತಿನ ಸಹಕಾರಿ ಸಂಘವನ್ನು ಸ್ಥಾಪಿಸಿದರು. ಒಬ್ಬನ ಕಷ್ಟವನ್ನು ಊರೆಲ್ಲ ಹಂಚಿಕೊಂಡರೆ ಅದು ಹಗುರಾಗುವುದೆಂಬ ಅರಿವೇ ಆ ಸಂಘದ ಬಂಡವಾಳ. ವಿಮೆಯ ಬಂಡವಾಳವೂ ಅದೇ. ಇಂದು ಊರೂರಿಗಿರುವ ಸಹಕಾರಿ ಸಂಘಗಳು ಸದಸ್ಯರಿಂದ ವರ್ಷಕ್ಕೆ ಅಲ್ಪ ವಂತಿಗೆಯನ್ನು ಎತ್ತಿ, ಊರಿನ ಒಂದೆರಡು ವಾಹನಗಳವರೊಡನೆ ಮೊದಲೇ ದರವನ್ನು ಗೊತ್ತುಪಡಿಸಿಕೊಂಡು, ರಾತ್ರಿಯ ವೇಳೆ ಕೈಗಡಕ್ಕೆ ಅಲೆಯುವ ಅವಸ್ಥೆಯನ್ನು ತಪ್ಪಿಸಬಹುದು. ಸರಕಾರವನ್ನು ಕಾಯುತ್ತ ಕುಳಿತಿರಬೇಕಾದ ಕೆಲಸವಲ್ಲ ಇದು.

ಆದರೂ ಸಂಘಗಳ ಯತ್ನವು ಸರಕಾರದ ಕರ್ತವ್ಯಕ್ಕೆ ಬದಲಾಗಲಾರದು. ಆಯುಷ್ಮಾನ್ ಯೋಜನೆಯಲ್ಲಿ ದಾರಿಯ ವೆಚ್ಚವನ್ನು ಮರಳಿ ಸೇರಿಸಿ, ಅದನ್ನು ದೂರಕ್ಕೆ ತಕ್ಕಂತೆ ಅಳೆಯಬೇಕು. ವಿಮಾ ಪ್ರಾಧಿಕಾರವು 2000 ರೂಪಾಯಿಗಳ ಒಂದೇ ಮೇರೆಯನ್ನು ತೆಗೆದು, ಕಿಲೋಮೀಟರಿಗೆ ಅನುಸಾರವಾದ ಮೇರೆಯನ್ನು ವಿಧಿಸಬೇಕು. 108ರ ವಾಹನಗಳನ್ನು ಹಂಚುವಾಗ ತಲೆಗಳ ಜತೆಗೆ ಮೈಲುಗಳನ್ನೂ ಎಣಿಸಬೇಕು. ಈ ಮೂರೂ ಬೇಡಿಕೆಗಳನ್ನು ಗದಗ ಜಿಲ್ಲೆಯ ಶಾಸಕರೂ ಅಧಿಕಾರಿಗಳೂ ಮೇಲಿನವರ ಕಿವಿಗೆ ಮುಟ್ಟಿಸುವರೆಂದು ನಂಬಿದ್ದೇವೆ. ಚಿಕಿತ್ಸೆಯು ಎಲ್ಲರಿಗೂ ಸಮಾನವೆಂದು ಸರಕಾರವು ಸಾರಿದ್ದಾಗಿದೆ. ಆ ಮಾತು ಗದುಗಿನವರೆಗೆ ನಿಜವಾಗಿ ಪುರ್ತಗೇರಿಯಲ್ಲಿ ಸುಳ್ಳಾಗಬಾರದು.