ಮನೆ ಎಷ್ಟು ಎತ್ತರದಲ್ಲಿದೆ? ಹೇಳೋರು ಯಾರೂ ಇಲ್ಲ!

ಶಿವಗಂಗೆ: ಬೆಟ್ಟದ ಬುಡದಲ್ಲಿ ಮನೆ ಇಟ್ಟುಕೊಂಡವರು ಪ್ರವಾಹದ ವಿಮೆ ಮಾತಾಡಿದರೆ ಕೇಳಿದವರು ನಗುತ್ತಾರೆ. ಒಳಕಲ್ಲು ತೀರ್ಥದಲ್ಲಿ ಬಂಡೆಯೊಳಕ್ಕೆ ಕೈಯಿಟ್ಟು, ನೀರು ಸಿಕ್ಕವನೇ ಪುಣ್ಯವಂತ ಅನ್ನುವ ಊರು ಇದು. ಇಲ್ಲಿ ನೀರೇ ಹುಡುಕಿಕೊಂಡು ಮನೆಗೆ ಬರುತ್ತೆ ಅಂದರೆ ಯಾರು ನಂಬುತ್ತಾರೆ?

ಆದರೂ ಬೆಟ್ಟದ ತಪ್ಪಲಿನ ಒಬ್ಬ ಚಿಲ್ಲರೆ ಅಂಗಡಿ ಯಜಮಾನರು ಎರಡು ವಾರ ಅಂಗಡಿಯನ್ನು ಹೆಂಡತಿಗೆ ಒಪ್ಪಿಸಿ, ಒಂದು ಕಾಗದಕ್ಕಾಗಿ ದಾಬಸ್‌ಪೇಟೆಗೂ ನೆಲಮಂಗಲಕ್ಕೂ ಬಸ್ಸು ಹತ್ತಿ ಇಳಿದಿದ್ದಾರೆ. ಅವರು ಕೇಳಿದ್ದು ಇಷ್ಟೇ: "ನಮ್ಮನೆ ಹೊಸಿಲು ಕೆರೆ ನೀರಿಗಿಂತ ಮೇಲೈತೋ ಕೆಳಗೈತೋ, ಅದನ್ನ ಬರೆದು ಸೀಲು ಹಾಕಿ ಕೊಡಿ."

ಈ ಹುಳ ಬಿಟ್ಟವರು ಅಮೆರಿಕದ ಹ್ಯೂಸ್ಟನ್ ಊರಿನಲ್ಲಿರುವ ಅವರ ಅಳಿಯ. ಮಾವ ಮನೆಗೆ ವಿಮೆ ಮಾಡಿಸುತ್ತಾರೆ ಎಂದು ತಿಳಿದ ಕೂಡಲೆ ಫೋನಿನಲ್ಲಿ, "ಮಾವ, ಮೊದಲು ಎಲಿವೇಶನ್ ಸರ್ಟಿಫಿಕೇಟ್ ಮಾಡಿಸಿಬಿಡಿ. ಇಲ್ಲಿ ಅದು ಇಲ್ಲದೆ ಎಷ್ಟೋ ಜನ ಒದ್ದಾಡಿದ್ದಾರೆ" ಅಂದರಂತೆ.

ಅಳಿಯನ ಮಾತು ಸುಳ್ಳಲ್ಲ. ಅಮೆರಿಕದಲ್ಲಿ ಮಾಮೂಲಿ ಮನೆ ವಿಮೆ ಪ್ರವಾಹದ ನಷ್ಟ ಕಟ್ಟಿಕೊಡುವುದಿಲ್ಲ. ಅದಕ್ಕೆ ಬೇರೆಯೇ ಪಾಲಿಸಿ. 1968ರಿಂದ ಸರ್ಕಾರವೇ ಆ ಯೋಜನೆ ನಡೆಸುತ್ತಿದೆ. ಯಾವ ಜಾಗಕ್ಕೆ ನೀರು ಎಷ್ಟು ಎತ್ತರ ಬರಬಹುದು ಎಂದು ನಕ್ಷೆ ಬರೆದಿಟ್ಟಿದ್ದಾರೆ. ಯಾವುದೇ ವರ್ಷ ನೂರಕ್ಕೆ ಒಂದು ಪಾಲು ಬರುವ ಸಂಭವವಿರುವ ನೆರೆಯ ಮಟ್ಟ ಒಂದು ಕಡೆ, ಮನೆಯ ಕೆಳಗಿನ ನೆಲದ ಮಟ್ಟ ಇನ್ನೊಂದು ಕಡೆ. ಲೈಸೆನ್ಸ್ ಇರುವ ಸರ್ವೇಯರ್ ಅಥವಾ ಎಂಜಿನಿಯರ್ ಎರಡನ್ನೂ ತಾಳೆ ಹಾಕಿ ಸಹಿ ಮಾಡಿದರೆ ಅದೇ ಎತ್ತರದ ಸರ್ಟಿಫಿಕೇಟು. ಮನೆ ಮೇಲಿದ್ದರೆ ಕಂತು ಕಡಿಮೆ, ಕೆಳಗಿದ್ದರೆ ಜಾಸ್ತಿ. 2021ರ ಅಕ್ಟೋಬರ್‌ನಿಂದ ಕಂತಿನ ಲೆಕ್ಕ ಬದಲಾಗಿ, ಆ ಕಾಗದ ಕೊಡಲೇಬೇಕು ಅನ್ನುವ ಕಟ್ಟು ಅಲ್ಲೂ ಸಡಿಲವಾಗಿದೆ. ಕೊಟ್ಟರೆ ಕಂತು ಇಳಿಯಬಹುದು ಅಷ್ಟೆ. 2017ರ ಆಗಸ್ಟಿನಲ್ಲಿ ಹಾರ್ವಿ ಚಂಡಮಾರುತ ಬಂದು ಹ್ಯೂಸ್ಟನ್ ಮುಳುಗಿದಾಗ ಎಷ್ಟೋ ಮನೆಗಳಿಗೆ ಪ್ರವಾಹದ ಪಾಲಿಸಿಯೇ ಇರಲಿಲ್ಲ. ಅಳಿಯನ ಗಾಬರಿ ಅಲ್ಲಿಂದ ಬಂದದ್ದು.

ಸರಿ, ಯಜಮಾನರು ಹೊರಟರು. ಪಂಚಾಯಿತಿಯಲ್ಲಿ ಇ-ಸ್ವತ್ತಿನ ನಮೂನೆ 9, ನಮೂನೆ 11 ಸಿಕ್ಕವು. ಉದ್ದ ಇದೆ, ಅಗಲ ಇದೆ, ಚಕ್ಕುಬಂದಿ ಇದೆ, ಎತ್ತರ ಇಲ್ಲ. ಸರ್ವೆಯವರು ಹದ್ದುಬಸ್ತು ಮಾಡಿಕೊಡುತ್ತಾರೆ, ಪೋಡಿ ಮಾಡುತ್ತಾರೆ. "ಎತ್ತರ ಅಳೆಯೋದು ನಮ್ಮ ಕೆಲಸ ಅಲ್ಲ ಸ್ವಾಮಿ, ನಿಮ್ಮ ಕಲ್ಲು ಎಲ್ಲೈತೆ ಅಂತ ತೋರಿಸ್ತೀವಿ" ಎಂದರು. ಅದೂ ನಿಜವೇ. ಗಡಿ ಕಲ್ಲಿಗಾಗಿ ತಲೆ ಒಡೆದುಕೊಂಡವರ ಲೆಕ್ಕ ಕೋರ್ಟಿನಲ್ಲಿದೆ, ಎತ್ತರಕ್ಕಾಗಿ ಜಗಳವಾಡಿದವರು ಯಾರೂ ಇಲ್ಲ.

ಯಾರೋ ಒಬ್ಬರು ದೇವನಹಳ್ಳಿ ದಾರಿ ತೋರಿಸಿದರು. ವಿಮಾನ ನಿಲ್ದಾಣದ ಸುತ್ತ ಎತ್ತರದ ಕಟ್ಟಡ ಏಳಿಸುವವರು ನಿವೇಶನ ಸಮುದ್ರ ಮಟ್ಟದಿಂದ ಎಷ್ಟು ಮೇಲಿದೆ ಎಂದು ಅಳೆಸಿ ವಿಮಾನ ನಿಲ್ದಾಣ ಪ್ರಾಧಿಕಾರಕ್ಕೆ ಕೊಡಬೇಕು. ಎತ್ತರದ ಕಾಗದ ಅನ್ನುವುದು ಈ ಸೀಮೆಯಲ್ಲಿ ಇದ್ದರೆ ಅದೊಂದೇ. ಆದರೆ ಅದು ವಿಮಾನಕ್ಕೆ ಕಟ್ಟಡ ಅಡ್ಡ ಬರದಿರಲಿ ಎಂಬ ಕಾಗದ, ಮನೆಗೆ ನೀರು ಬರದಿರಲಿ ಎಂಬುದಲ್ಲ. ಅಲ್ಲದೆ ಬರೀ ಸಮುದ್ರ ಮಟ್ಟದ ಲೆಕ್ಕದಿಂದ ಏನು ಉಪಯೋಗ? ಬೆಂಗಳೂರು ಸಮುದ್ರಕ್ಕಿಂತ ಸುಮಾರು 900 ಮೀಟರ್ ಮೇಲಿದೆ. 2022ರ ಸೆಪ್ಟೆಂಬರ್ ಮೊದಲ ವಾರ ಒಂದೇ ದಿನಕ್ಕೆ 131.6 ಮಿ.ಮೀ. ಮಳೆ ಬಿದ್ದಾಗ ಯಮಲೂರಿನ ಕಡೆ ಕಂಪ್ಯೂಟರ್ ಕಂಪನಿಯವರು ಟ್ರ್ಯಾಕ್ಟರ್ ಹತ್ತಿ ಕೆಲಸಕ್ಕೆ ಹೋದರು. ಯಲಹಂಕದ ಕೇಂದ್ರೀಯ ವಿಹಾರಕ್ಕೆ 2021ರ ನವೆಂಬರಿನಲ್ಲಿ ಒಂದು ಸಲ, 2024ರ ಅಕ್ಟೋಬರಿನಲ್ಲಿ ಇನ್ನೊಂದು ಸಲ ಕೆರೆ ನೀರು ನುಗ್ಗಿ, ಜನರನ್ನು ದೋಣಿಯಲ್ಲಿ ಇಳಿಸಬೇಕಾಯಿತು. ಸಮುದ್ರ ದೂರ ಇದ್ದರೇನು, ಕೆರೆ ಹತ್ತಿರ ಇತ್ತು.

ಕೊನೆಗೆ ಯಜಮಾನರು ದಾಬಸ್‌ಪೇಟೆಯಲ್ಲಿ ವಿಮೆ ಏಜೆಂಟರ ಮುಂದೆ ಹೋಗಿ ಕೂತರು. ಏಜೆಂಟರು ಫಾರಂ ಮುಂದಿಟ್ಟು, "ಅಣ್ಣಾ, ನೀವು ಹೇಳೋ ಕಾಗದ ನಮ್ಮಲ್ಲಿ ಯಾರೂ ಕೇಳಲ್ಲ. ಅದಕ್ಕೆ ಇಲ್ಲಿ ಕಾಲಮ್ಮೇ ಇಲ್ಲ" ಎಂದು ನಕ್ಕರು.

ಕಾಲಂ ಯಾಕಿಲ್ಲ? ನೆರೆ ಎಲ್ಲಿಯವರೆಗೆ ಬರುತ್ತೆ ಎಂಬ ಗೆರೆಯೇ ಕಾನೂನಿನಲ್ಲಿ ಇಲ್ಲವಲ್ಲ! ನದಿ ಪಾತ್ರದ ನೆರೆ ಜಾಗ ಗುರುತಿಸಿ ಅಲ್ಲಿ ಕಟ್ಟುವುದನ್ನು ಬಿಗಿ ಮಾಡಿ ಎಂದು ಕೇಂದ್ರ ಸರ್ಕಾರ 1975ರಲ್ಲೇ ಮಾದರಿ ಮಸೂದೆಯೊಂದನ್ನು ರಾಜ್ಯಗಳಿಗೆ ಕಳಿಸಿತ್ತು. ಮಣಿಪುರ, ರಾಜಸ್ಥಾನ, ಉತ್ತರಾಖಂಡ, ಹಿಂದಿನ ಜಮ್ಮು-ಕಾಶ್ಮೀರ ಕಾಯಿದೆ ಮಾಡಿಕೊಂಡವು. ಆ ಪಟ್ಟಿಯಲ್ಲಿ ಕರ್ನಾಟಕದ ಹೆಸರಿಲ್ಲ.

ಹಾಗೆಂದು ವಿಮೆಯೇ ಇಲ್ಲವೆಂದಲ್ಲ. ಈ ವಿಷಯದಲ್ಲಿ ಅಮೆರಿಕಕ್ಕಿಂತ ಇಲ್ಲಿಯೇ ವಾಸಿ. 2021ರ ಏಪ್ರಿಲ್ 1ರಿಂದ ಸಾಮಾನ್ಯ ವಿಮೆ ಕಂಪನಿಗಳು 'ಭಾರತ್ ಗೃಹ ರಕ್ಷಾ' ಎಂಬ ಒಂದೇ ಮಾದರಿಯ ಪಾಲಿಸಿ ಕೊಡಬೇಕಾಗಿದೆ. ಬೆಂಕಿ, ಭೂಕಂಪ, ಬಿರುಗಾಳಿ, ಬಂಡೆ ಉರುಳುವುದು, ಪ್ರವಾಹ, ನೀರು ನುಗ್ಗುವುದು ಎಲ್ಲಾ ಅದರಲ್ಲೇ ಸೇರಿವೆ. ಸೈಟಿನ ಬೆಲೆ ಲೆಕ್ಕಕ್ಕಿಲ್ಲ. ಮನೆಯ ಒಳ ಅಳತೆಯನ್ನು ಇಂದಿನ ಕಟ್ಟುವ ಖರ್ಚಿನಿಂದ ಗುಣಿಸಿದರೆ ವಿಮೆ ಮೊತ್ತ. 800 ಚದರ ಅಡಿಗೆ 2,000 ರೂಪಾಯಿಯಂತೆ ಹಿಡಿದರೆ 16 ಲಕ್ಷ. ಅದರ ನೂರಕ್ಕೆ 20 ಪಾಲು, ಅಂದರೆ 3 ಲಕ್ಷ 20 ಸಾವಿರದವರೆಗೆ, ಮನೆಯೊಳಗಿನ ಸಾಮಾನಿಗೆ ತಾನಾಗಿಯೇ ಸಿಗುತ್ತದೆ. ಎಷ್ಟು ದೊಡ್ಡ ಮನೆಯಾದರೂ ಈ ತಾನಾಗಿ ಸಿಗುವ ಪಾಲು 10 ಲಕ್ಷ ದಾಟುವುದಿಲ್ಲ. ಒಡವೆಗೆ ಬೇರೆಯೇ ಹೇಳಿ ಮಾಡಿಸಬೇಕು.

ಇನ್ನು ಅಂಗಡಿಯವರು ಸ್ವಲ್ಪ ಕಿವಿ ಕೊಡಬೇಕು. ಮುಂದೆ ಅಂಗಡಿ, ಹಿಂದೆ ಮನೆ ಇದ್ದವರು ಒಂದೇ ಪಾಲಿಸಿಯಲ್ಲಿ ಎರಡೂ ಮುಗಿಯಿತು ಅಂದುಕೊಂಡಿರುತ್ತಾರೆ. ಮುಗಿಯುವುದಿಲ್ಲ. ಅಕ್ಕಿ ಮೂಟೆ, ಎಣ್ಣೆ ಡಬ್ಬ, ಸಕ್ಕರೆ ಚೀಲ ಮನೆ ಸಾಮಾನಲ್ಲ. ವ್ಯಾಪಾರದ ಮಾಲಿಗೆ 'ಭಾರತ್ ಸೂಕ್ಷ್ಮ ಉದ್ಯಮ ಸುರಕ್ಷಾ' ಎಂಬ ಬೇರೆ ಪಾಲಿಸಿ ಇದೆ, 5 ಕೋಟಿವರೆಗಿನ ಆಸ್ತಿಗೆ. ಮನೆಯ ಒಂದು ಭಾಗ ಅಂಗಡಿ ಎಂಬುದನ್ನು ಫಾರಂನಲ್ಲಿ ಮುಚ್ಚಿಟ್ಟರೆ ನಾಳೆ ಕ್ಲೇಮಿನ ದಿನ ಅದೇ ಕುತ್ತಿಗೆಗೆ ಬರುತ್ತದೆ.

ಪಾಲಿಸಿಯ ಒಳಪುಟದಲ್ಲಿ ಇನ್ನೊಂದು ಮಾತಿದೆ, ಯಜಮಾನರ ಎದೆ ಧಸಕ್ಕೆಂದದ್ದು ಅದಕ್ಕೇ. ನೆಲ ಕುಸಿದು ಮನೆ ಕೆಟ್ಟರೆ ಪರಿಹಾರ ಉಂಟು, ಆದರೆ ಮಣ್ಣು ತುಂಬಿಸಿದ ನೆಲ ತಾನೇ ಕೂತುಕೊಂಡರೆ ಇಲ್ಲ. ಹೊಸ ಮನೆ ಪಾಯ ಇಳಿದು ಬಿರುಕು ಬಿಟ್ಟರೂ ಇಲ್ಲ. ಯಜಮಾನರು 2023ರಲ್ಲಿ ಮನೆ ಕಟ್ಟುವ ಮುಂಚೆ 40 ಲೋಡು ಮಣ್ಣು ಹೊಡೆಸಿದ್ದರು. ಯಾಕೆ ಹೊಡೆಸಿದಿರಿ ಅಂದರೆ, "ತಗ್ಗಿತ್ತು." ಯಾಕೆ ತಗ್ಗಿತ್ತು ಎಂದು ಸೈಟು ಕೊಳ್ಳುವಾಗ ಕೇಳಲಿಲ್ಲ. ಬೇಸಿಗೆಯಲ್ಲಿ ನೋಡಿದ ಸೈಟು, ಕೆರೆಯಲ್ಲಿ ಹುಡುಗರು ಕ್ರಿಕೆಟ್ ಆಡುತ್ತಿದ್ದರು.

ಈ ಸೀಮೆಯ ಗ್ರಹಚಾರವೇ ಅದು. ಕುಮುದ್ವತಿ ಹುಟ್ಟುವುದು ಇದೇ ಬೆಟ್ಟದಲ್ಲಿ. ಹರಿದು ಹೋಗಿ ತಿಪ್ಪಗೊಂಡನಹಳ್ಳಿಯಲ್ಲಿ ಅರ್ಕಾವತಿಯನ್ನು ಸೇರಬೇಕು. ವರ್ಷಗಟ್ಟಲೆ ಹಳ್ಳ ಒಣಗಿದ್ದರಿಂದ ಅದು ಹಳ್ಳ ಎಂಬುದೇ ಜನಕ್ಕೆ ಮರೆತು ಹೋಯಿತು. ಕಾಲುವೆ ಮೇಲೆ ಶೆಡ್ಡು, ಕೆರೆ ಅಂಚಿಗೆ ಬೇಲಿ. ಬೆಟ್ಟ ಮಾತ್ರ ಮರೆತಿಲ್ಲ. ಬಂಡೆ ಮೇಲೆ ಬಿದ್ದ ನೀರು ಇಂಗುವುದಿಲ್ಲ, ಅರ್ಧ ಗಂಟೆಗೆ ಕೆಳಗೆ ಬಂದಿರುತ್ತದೆ. 2017ರಲ್ಲಿ ಬೆಂಗಳೂರಿನಲ್ಲಿ ಬಿದ್ದ 1,696 ಮಿ.ಮೀ. ಮಳೆಯ ದಾಖಲೆಯನ್ನು 2022 ಮುರಿದು ಹಾಕಿತು.

ಹಾಗಾದರೆ ಎತ್ತರ ತಿಳಿಯುವುದು ಹೇಗೆ? ಹಿಂದೆ ನೀರುಗಂಟಿಯನ್ನು ಕೇಳಿದರೆ ಸಾಕಿತ್ತು. ಕೆರೆ ತುಂಬಿದರೆ ಹಿನ್ನೀರು ಯಾವ ಹುಣಸೆ ಮರದವರೆಗೆ ಬರುತ್ತೆ ಎಂದು ಅವನಿಗೆ ಕಂಠಪಾಠ. ಈಗಲೂ ಊರಲ್ಲಿ ಒಬ್ಬಿಬ್ಬರು ಅಂಥ ಹಿರಿಯರಿದ್ದಾರೆ. ಯಜಮಾನರಿಗೆ ದಾರಿ ಹೇಳಿದ್ದೂ ಅಂಥವರೇ: "ಸರ್ಟಿಫಿಕೇಟು ಗಿರ್ಟಿಫಿಕೇಟು ಬಿಡಪ್ಪಾ. ಕೋಡಿ ಕಲ್ಲಿಗೂ ನಿನ್ನ ಹೊಸಿಲಿಗೂ ಮಟ್ಟ ಹಿಡಿಸು."

ಏರಿ ಹಿಂದೆ, ನೀರು ನಿಲ್ಲುವ ಕಡೆ ಮನೆ ಇದ್ದರೆ ಕೋಡಿಯೇ ಅಳತೆಗೋಲು. ಅಲ್ಲಿಯವರೆಗೆ ತುಂಬಿ, ಆಮೇಲೆ ಮೇಲೆ ಹರಿದು ಹೋಗುತ್ತದೆ. ಏರಿ ಕೆಳಗೆ ಮನೆ ಇದ್ದರೆ ಈ ಲೆಕ್ಕ ನಡೆಯುವುದಿಲ್ಲ, ಅಲ್ಲಿ ಕೋಡಿ ಹಳ್ಳ ಎಲ್ಲಿ ಹರಿಯುತ್ತೆ, ಅದರ ದಡ ಎಷ್ಟು ಎತ್ತರ ಎಂದು ನೋಡಬೇಕು. ಇದಕ್ಕೂ ಮೊದಲು ಗ್ರಾಮ ನಕ್ಷೆಯಲ್ಲೋ ಮೊಬೈಲಿನ ದಿಶಾಂಕ್‌ನಲ್ಲೋ ಸರ್ವೆ ನಂಬರು ನೋಡಿಕೊಳ್ಳುವುದು ಕ್ಷೇಮ. ಜಾಗವೇ ಕೆರೆಯದ್ದು ಎಂದು ಬಂದರೆ ಯಾವ ಪಾಲಿಸಿಯೂ ಅದನ್ನು ಸಕ್ರಮ ಮಾಡಿಕೊಡುವುದಿಲ್ಲ. ಯಜಮಾನರ ಸೈಟು ಪುಣ್ಯಕ್ಕೆ ಕೆರೆಯಲ್ಲಿರಲಿಲ್ಲ, ಅಂಚಿನಲ್ಲಿತ್ತು.

ಒಂದು ಭಾನುವಾರ ಮೇಸ್ತ್ರಿ ಬಂದರು. ಪಾಯದ ಮಟ್ಟ ನೋಡುವ ಅದೇ 50 ಅಡಿ ಪಾರದರ್ಶಕ ಪೈಪು, ಅದರೊಳಗೆ ನೀರು. ಕೋಡಿಯಿಂದ ಮನೆಗೆ ಅರ್ಧ ಫರ್ಲಾಂಗು. ಏಳು ಕಡೆ ಗೂಟ ನೆಟ್ಟು ಗುರುತು ಮಾಡುತ್ತಾ ಬಂದರು. ಎಂಜಿನಿಯರ್ ಕರೆಸಿ ಲೆವೆಲ್ ಯಂತ್ರದಲ್ಲಿ ನೋಡಿಸಿದರೆ ಇನ್ನೂ ಖಚಿತ, ಆದರೆ ಅಂದಾಜಿಗೆ ಇದು ಸಾಕು. ಹೊಸಿಲು ಕೋಡಿ ಕಲ್ಲಿಗಿಂತ ಒಂದು ಗೇಣು, ಅಂದರೆ 9 ಇಂಚು ಮೇಲೆ ಬಂತು. ಯಜಮಾನರ ಮುಖ ಅರಳಿತು.

ಹಿರಿಯರು ಅಷ್ಟಕ್ಕೇ ಬಿಡಲಿಲ್ಲ. "2022ರಾಗೆ ಕೋಡಿ ಮ್ಯಾಲೆ ಮೊಣಕಾಲುದ್ದ ನೀರು ಹೋಯ್ತಲ್ಲಪ್ಪಾ" ಎಂದರು. ಮೊಣಕಾಲುದ್ದ ಅಂದರೆ ಹತ್ತಿರ ಹತ್ತಿರ ಒಂದೂವರೆ ಅಡಿ. ಹೊಸಿಲೇ ನೀರಿಗಿಂತ 9 ಇಂಚು ಕೆಳಗಾಯಿತು. ಅಂಗಡಿ ನೆಲ ಹೊಸಿಲಿಗಿಂತ ಅರ್ಧ ಅಡಿ ತಗ್ಗು. ಮೇಸ್ತ್ರಿ ಲೆಕ್ಕ ಹಾಕಿ ಅಂಗಡಿ ಗೋಡೆ ಮೇಲೆ ನೆಲದಿಂದ 15 ಇಂಚಿಗೆ ಇದ್ದಿಲಿನಲ್ಲಿ ಗೆರೆ ಎಳೆದರು. ಕೆಳಗಿನ ಸಾಲಿನ ಅಕ್ಕಿ ಮೂಟೆಗಳೆಲ್ಲ ಗೆರೆಯ ಕೆಳಗೇ ಇದ್ದವು.

ಮಾರನೆ ದಿನ ಯಜಮಾನರು ಎರಡೂ ಪಾಲಿಸಿಗೆ ಅರ್ಜಿ ಬರೆದರು. ಮಣ್ಣು ತುಂಬಿಸಿದ್ದು, ಕೆರೆ ಎಷ್ಟು ದೂರ, ಮುಂದೆ ಅಂಗಡಿ ಇರುವುದು ಎಲ್ಲವನ್ನೂ ಬೇರೆ ಹಾಳೆಯಲ್ಲಿ ಬರೆದು ಲಗತ್ತಿಸಿ ಅಂದರು. "ಕೇಳದೇ ಇರೋದನ್ನ ಯಾಕಣ್ಣ ಹೇಳ್ತೀರಿ?" ಎಂದು ಏಜೆಂಟರು ರಾಗ ಎಳೆದರು. ಯಜಮಾನರು ಬಿಡಲಿಲ್ಲ, ನಕಲಿಗೆ ಕಂಪನಿ ಸೀಲು ಹಾಕಿಸಿಕೊಂಡೇ ಎದ್ದರು. ವಿಷಯ ಮುಚ್ಚಿಟ್ಟಿದ್ದಿರಿ ಎಂದು ನಾಳೆ ಯಾರೂ ಅನ್ನುವಂತಿಲ್ಲ. ಮನೆ, ಅಂಗಡಿಯ ಫೋಟೋ ತೆಗೆದು ಹ್ಯೂಸ್ಟನ್ನಿಗೂ ಕಳಿಸಿದ್ದಾರೆ. ಕಾಗದ ನೆನೆದರೂ ಅಳಿಯನ ಹತ್ತಿರ ಇರಲಿ ಎಂದು.

ಮೂಟೆಗಳು ಈಗ 2 ಅಡಿ ಎತ್ತರದ ಕಲ್ಲುಚಪ್ಪಡಿ ಮೇಲಿವೆ. ಅದೇನು ಗೆರೆ ಎಂದು ಅಂಗಡಿಗೆ ಬಂದವರೆಲ್ಲ ಕೇಳುತ್ತಿದ್ದಾರೆ. ಕೆರೆ ಕಡೆ ಸೈಟು ತೆಗೆದುಕೊಂಡ ಮೂವರು ಮೇಸ್ತ್ರಿಯ ಫೋನ್ ನಂಬರು ಬರೆದುಕೊಂಡು ಹೋಗಿದ್ದಾರೆ.