ಆಟದ ದೋಣಿಗೆ ಯಾವ ಬ್ಯಾಟರಿ, ಯಾವ ಚಾರ್ಜರ್?

1898ರಲ್ಲಿ ನ್ಯೂಯಾರ್ಕಿನ ಮ್ಯಾಡಿಸನ್ ಸ್ಕ್ವೇರ್ ಗಾರ್ಡನ್‌ನಲ್ಲಿ ವಿದ್ಯುತ್ ವಸ್ತುಪ್ರದರ್ಶನವೊಂದು ನಡೆಯಿತು. ಅಲ್ಲಿ ನಿಕೋಲ ಟೆಸ್ಲಾ ಎಂಬ ವಿಜ್ಞಾನಿ ನೀರು ತುಂಬಿದ ತೊಟ್ಟಿಯಲ್ಲಿ ಪುಟ್ಟ ದೋಣಿಯೊಂದನ್ನು ತಂತಿಯ ಸಂಪರ್ಕವೇ ಇಲ್ಲದೆ ಓಡಿಸಿ, ಬೇಕಾದತ್ತ ತಿರುಗಿಸಿ ತೋರಿಸಿದರು. ಅದೇ ವರ್ಷ ನವೆಂಬರ್ 8ರಂದು ಅವರಿಗೆ ಅದರ ಪೇಟೆಂಟ್ ದೊರೆಯಿತು. ಆಜ್ಞೆಯನ್ನು ಹೊತ್ತು ತಂದದ್ದು ರೇಡಿಯೊ ಅಲೆ. ದೋಣಿಯನ್ನು ತಳ್ಳಿದ್ದು ಅದರ ಹೊಟ್ಟೆಯೊಳಗಿದ್ದ ಬ್ಯಾಟರಿ. ಇಂದಿನ ಆಟದ ದೋಣಿಗಳಿಗೂ ಈ ಮಾತು ಅಷ್ಟೇ ನಿಜ.

ಎನ್‌ಸಿಸಿಯ ನೌಕಾ ವಿಭಾಗದಲ್ಲಿ ಹಡಗಿನ ಮಾದರಿ ತಯಾರಿಕೆ ಒಂದು ಸ್ಪರ್ಧೆಯೇ ಆಗಿದೆ. ರೇಡಿಯೊ ನಿಯಂತ್ರಿತ ಮಾದರಿಗಳಿಗೂ ಅಲ್ಲಿ ಜಾಗವಿದೆ. ಹಂಪಿನಗರ ಎಂಬ ಹೆಸರೂ ಇರುವ ಆರ್‌ಪಿಸಿ ಲೇಔಟ್‌ನಂಥ ಬಡಾವಣೆಯ ಮಕ್ಕಳಿಗೆ ಇದಕ್ಕೆ ಬೇಕಾದ ಸಾಮಾನು ದೂರವೇನಿಲ್ಲ. ಅತ್ತಿಗುಪ್ಪೆಯಲ್ಲಿ ಮೆಟ್ರೊ ಹತ್ತಿ, ಮೆಜೆಸ್ಟಿಕ್‌ನಲ್ಲಿ ಹಸಿರು ಮಾರ್ಗಕ್ಕೆ ಬದಲಿಸಿ, ಚಿಕ್ಕಪೇಟೆಯಲ್ಲಿ ಇಳಿದರೆ ಎಲೆಕ್ಟ್ರಾನಿಕ್ ಬಿಡಿಭಾಗಗಳಿಗೆ ಹೆಸರಾದ ಎಸ್.ಪಿ. ರಸ್ತೆಗೆ ನಡೆದೇ ಹೋಗಬಹುದು. ಆದರೆ ಮೋಟಾರು, ರಿಮೋಟುಗಳನ್ನು ಹತ್ತು ಅಂಗಡಿ ವಿಚಾರಿಸಿ ಕೊಳ್ಳುವವರು ಬ್ಯಾಟರಿಯ ಸರದಿ ಬಂದಾಗ 'ಯಾವುದೋ ಒಂದು ಕೊಡಿ' ಎಂದುಬಿಡುತ್ತಾರೆ. ತೊಂದರೆ ಶುರುವಾಗುವುದು ಅಲ್ಲಿಂದ. ಕಾರಿನ ಬ್ಯಾಟರಿ ಮುಗಿದರೆ ಅದು ರಸ್ತೆಯಲ್ಲಿ ನಿಲ್ಲುತ್ತದೆ, ಎತ್ತಿಕೊಂಡು ಬರಬಹುದು. ದೋಣಿ ನಿಲ್ಲುವುದು ಕೆರೆಯ ನಡುವೆ.

ಮೊದಲು ಲೆಕ್ಕ, ಆಮೇಲೆ ಖರೀದಿ

ಬ್ಯಾಟರಿಯ ಮೇಲೆ ಎರಡು ಅಂಕಿಗಳಿರುತ್ತವೆ. ವೋಲ್ಟ್ ಎಂಬುದು ವಿದ್ಯುತ್ತನ್ನು ತಳ್ಳುವ ಒತ್ತಡ. ಆಂಪಿಯರ್-ಗಂಟೆ ಎಂಬುದು ಒಳಗಿರುವ ದಾಸ್ತಾನು. ಮನೆಯ ಮೇಲಿನ ಸಿಂಟೆಕ್ಸ್ ಟ್ಯಾಂಕಿಗೆ ಹೋಲಿಸುವುದಾದರೆ, ಟ್ಯಾಂಕಿನ ಎತ್ತರ ವೋಲ್ಟ್, ಅದು ಹಿಡಿಯುವ ನೀರು ಆಂಪಿಯರ್-ಗಂಟೆ. ಮೋಟಾರಿನ ಮೇಲೆ ನಮೂದಿಸಿದ ವೋಲ್ಟ್‌ಗೆ ಬ್ಯಾಟರಿ ಹೊಂದಬೇಕು. 6 ವೋಲ್ಟ್ ಮೋಟಾರಿಗೆ 12 ವೋಲ್ಟ್ ಕೊಟ್ಟರೆ ದೋಣಿ ಸ್ವಲ್ಪ ಹೊತ್ತು ಬಾಣದಂತೆ ಹೋಗುತ್ತದೆ, ಆಮೇಲೆ ಮೋಟಾರು ಸುಟ್ಟ ವಾಸನೆ ಬರುತ್ತದೆ.

ಓಡುವ ಕಾಲವನ್ನು ಸರಳ ಭಾಗಾಕಾರದಿಂದ ತಿಳಿಯಬಹುದು. ಮೋಟಾರು 3 ಆಂಪಿಯರ್ ಎಳೆಯುತ್ತದೆ ಎನ್ನೋಣ. ಬ್ಯಾಟರಿ 4.5 ಆಂಪಿಯರ್-ಗಂಟೆಯದಾದರೆ ಉತ್ತರ ಒಂದೂವರೆ ಗಂಟೆ. ಇದು ಕಾಗದದ ಮೇಲಿನ ಲೆಕ್ಕ. ಸೀಸ-ಆಮ್ಲ ಬ್ಯಾಟರಿಯಿಂದ ವೇಗವಾಗಿ ವಿದ್ಯುತ್ ಎಳೆದಷ್ಟೂ ಅದು ಕೊಡುವ ಒಟ್ಟು ಮೊತ್ತ ಕಡಿಮೆಯಾಗುತ್ತದೆ. ಆದ್ದರಿಂದ ಅರ್ಧ ಮಾತ್ರ ನಂಬಿ, 45 ನಿಮಿಷಕ್ಕೆ ದೋಣಿಯನ್ನು ದಡಕ್ಕೆ ಕರೆಸಿಕೊಳ್ಳುವುದು ಜಾಣತನ.

ಇನ್ನೊಂದು ಲೆಕ್ಕ ಆರ್ಕಿಮಿಡೀಸನದು. ತೇಲುವ ವಸ್ತು ತನ್ನ ತೂಕದಷ್ಟೇ ನೀರನ್ನು ಪಕ್ಕಕ್ಕೆ ಸರಿಸುತ್ತದೆ. 60 ಸೆಂ.ಮೀ. ಉದ್ದ, 18 ಸೆಂ.ಮೀ. ಅಗಲದ ದೋಣಿಯ ತಳ ಪೂರ್ಣ ಆಯತವಲ್ಲ. ಮೂತಿ ಚೂಪಾಗಿರುವುದರಿಂದ ಸುಮಾರು 70 ಭಾಗವನ್ನು ಹಿಡಿಯೋಣ. ಆಗ ಅದು 1 ಸೆಂ.ಮೀ. ಮುಳುಗಿದರೆ ಸುಮಾರು 750 ಘನ ಸೆಂ.ಮೀ. ನೀರು ಸರಿಯುತ್ತದೆ. ಅಂದರೆ 750 ಗ್ರಾಂ. ಎಮರ್ಜೆನ್ಸಿ ಲ್ಯಾಂಪಿನಲ್ಲಿರುವ 6 ವೋಲ್ಟ್, 4.5 ಆಂಪಿಯರ್-ಗಂಟೆಯ ಬ್ಯಾಟರಿಯ ತೂಕವೂ ಹೆಚ್ಚುಕಡಿಮೆ ಅಷ್ಟೇ. ಅದನ್ನಿಟ್ಟರೆ ದೋಣಿ ಒಂದು ಸೆಂಟಿಮೀಟರ್ ಕೆಳಗಿಳಿಯುತ್ತದೆ. ದೋಣಿಯ ಅಂಚು ನೀರಿನಿಂದ ಎಷ್ಟು ಮೇಲಿದೆ ಎಂದು ಸ್ಕೇಲಿನಲ್ಲಿ ಅಳೆದುಕೊಂಡೇ ಅಂಗಡಿಗೆ ಹೋಗಬೇಕು.

ಮೂರು ಜಾತಿಯ ಬ್ಯಾಟರಿಗಳು

ಸೀಸ-ಆಮ್ಲ ಬ್ಯಾಟರಿಯನ್ನು ಫ್ರಾನ್ಸಿನ ಗ್ಯಾಸ್ತೊಂ ಪ್ಲಾಂತೆ 1859ರಲ್ಲಿ ರೂಪಿಸಿದರು. ಇದರ ಒಂದೊಂದು ಸೆಲ್ಲಿಗೂ 2 ವೋಲ್ಟ್. ತೂಕ ಇದರ ದೋಷವೆನ್ನುತ್ತಾರೆ. ವಿಮಾನದ ಮಾದರಿಗೆ ಅದು ನಿಜ. ದೋಣಿಗೆ ಮಾತ್ರ ತಳದ ನಡುವೆ ಭಾರವಿದ್ದರೆ ಮಗುಚುವ ಭಯ ಕಡಿಮೆ. ಮೀನುಗಾರಿಕೆ ದೋಣಿ, ಟಗ್‌ಗಳಂಥ ನಿಧಾನದ ಮಾದರಿಗೆ, ಮೊದಲ ಬಾರಿ ಕಟ್ಟುವ ಹುಡುಗ ಹುಡುಗಿಯರಿಗೆ ಇದೇ ಒಳ್ಳೆಯದು. ಬೆಲೆಯೂ ಕೈಗೆಟಕುವಂಥದು. ಖಾಲಿ ಮಾಡಿ ಹಾಗೇ ಇಟ್ಟರೆ ಮಾತ್ರ ಫಲಕಗಳ ಮೇಲೆ ಸೀಸದ ಸಲ್ಫೇಟ್ ಗಟ್ಟಿಯಾಗಿ ಕೂತು ಬ್ಯಾಟರಿ ಸಾಯುತ್ತದೆ. ಆಟ ಮುಗಿದ ದಿನವೇ ಚಾರ್ಜ್‌ಗೆ ಹಾಕಬೇಕು.

ನಿಕ್ಕಲ್-ಮೆಟಲ್ ಹೈಡ್ರೈಡ್ ಎರಡನೆಯದು. ಸೆಲ್ಲಿಗೆ 1.2 ವೋಲ್ಟ್, ಆರು ಸೆಲ್ ಜೋಡಿಸಿದರೆ 7.2 ವೋಲ್ಟ್. ಹಿಂದೆ ಬಳಕೆಯಲ್ಲಿದ್ದ ನಿಕ್ಕಲ್-ಕ್ಯಾಡ್ಮಿಯಂನ ಜಾಗಕ್ಕೆ ಇದು ಬಂದಿದೆ. ಕ್ಯಾಡ್ಮಿಯಂ ವಿಷಲೋಹ, ಇದರಲ್ಲಿ ಅದಿಲ್ಲ. ಸೀಸಕ್ಕಿಂತ ಹಗುರ, ಒರಟು ಬಳಕೆಯನ್ನೂ ತಾಳುತ್ತದೆ. ಆದರೆ ಸುಮ್ಮನೆ ಕೂತಿದ್ದರೂ ಚಾರ್ಜ್ ಸೋರುತ್ತದೆ. ಕಳೆದ ತಿಂಗಳು ತುಂಬಿಸಿದ್ದೇನೆಂದು ನಂಬಿ ಕೆರೆಗೆ ಹೋಗಬಾರದು.

ಮೂರನೆಯದು ಲಿಥಿಯಂ. 1991ರಲ್ಲಿ ಮಾರುಕಟ್ಟೆಗೆ ಬಂದ ಲಿಥಿಯಂ-ಅಯಾನ್ ಬ್ಯಾಟರಿ ಲೋಕವನ್ನೇ ಬದಲಿಸಿತು. ಅದಕ್ಕೆ ಶ್ರಮಿಸಿದ ಗುಡ್‌ಇನಫ್, ವಿಟಿಂಗ್‌ಹ್ಯಾಮ್, ಯೋಶಿನೊ ಅವರಿಗೆ 2019ರ ರಸಾಯನಶಾಸ್ತ್ರದ ನೊಬೆಲ್ ಸಂದಿತು. ಎರಡು ಸೆಲ್ಲಿನ, 7.4 ವೋಲ್ಟ್‌ನ, 2.2 ಆಂಪಿಯರ್-ಗಂಟೆಯ ಲಿಥಿಯಂ-ಪಾಲಿಮರ್ ಬ್ಯಾಟರಿ 150 ಗ್ರಾಂ ಕೂಡ ತೂಗುವುದಿಲ್ಲ. ವೇಗದ ದೋಣಿಗೆ ಇದೇ ಬೇಕು. ಆದರೆ ಇದು ಶಿಸ್ತು ಬೇಡುತ್ತದೆ. ಸೆಲ್ಲೊಂದಕ್ಕೆ 4.2 ವೋಲ್ಟ್ ಮೀರಿ ತುಂಬಬಾರದು, 3 ವೋಲ್ಟ್‌ಗಿಂತ ಕೆಳಗೆ ಇಳಿಸಬಾರದು. ವೋಲ್ಟ್ ಕುಸಿದಾಗ ತಾನೇ ಮೋಟಾರು ನಿಲ್ಲಿಸುವ ವೇಗ ನಿಯಂತ್ರಕ ಜೊತೆಗಿರಲೇಬೇಕು.

ಚಾರ್ಜರ್ ಜಾತಿಗೆ ತಕ್ಕಂತೆ

ಒಂದರ ಚಾರ್ಜರನ್ನು ಇನ್ನೊಂದಕ್ಕೆ ಬಳಸಬಾರದು ಎಂಬುದು ಮೊದಲ ಮತ್ತು ಕೊನೆಯ ನಿಯಮ. ಮೇಲಿನ ಸೀಸ-ಆಮ್ಲ ಬ್ಯಾಟರಿಗೆ ಸುಮಾರು 7.2 ವೋಲ್ಟ್‌ಗೆ ನಿಲ್ಲುವ, ದಾಸ್ತಾನಿನ ಹತ್ತನೇ ಒಂದು ಭಾಗ, ಅಂದರೆ 0.45 ಆಂಪಿಯರ್ ಹರಿಸುವ ಚಾರ್ಜರ್ ಸಾಕು. ಮನೆಯ ಯುಪಿಎಸ್‌ನ ಅಥವಾ ಕಾರಿನ ದೊಡ್ಡ ಚಾರ್ಜರಿಗೆ ಇದನ್ನು ಸಿಕ್ಕಿಸಿದರೆ ಬಿಸಿಯೇರಿ ಉಬ್ಬುತ್ತದೆ. ಚಾರ್ಜ್ ಆಗುವಾಗ ಅಲ್ಪಸ್ವಲ್ಪ ಹೈಡ್ರೊಜನ್ ಹೊರಬರಬಹುದು. ಬ್ಯಾಟರಿಯನ್ನು ದೋಣಿಯಿಂದ ಹೊರಗೆ ತೆಗೆದೇ ಚಾರ್ಜ್ ಮಾಡಬೇಕು.

3 ಆಂಪಿಯರ್-ಗಂಟೆಯ ನಿಕ್ಕಲ್ ಬ್ಯಾಟರಿಗೆ 0.3 ಆಂಪಿಯರ್‌ನಂತೆ 14ರಿಂದ 16 ಗಂಟೆ ಹಿಡಿಯುತ್ತದೆ. ಅವಸರವಿದ್ದರೆ, ತುಂಬಿದ್ದನ್ನು ಗುರುತಿಸಿ ತಾನೇ ನಿಲ್ಲುವ ಚಾರ್ಜರ್ ಕೊಳ್ಳಬೇಕು.

ಲಿಥಿಯಂ-ಪಾಲಿಮರ್‌ಗೆ ಪ್ರತಿ ಸೆಲ್ಲನ್ನೂ ಬೇರೆಯಾಗಿ ಅಳೆದು ಸಮ ಮಾಡುವ 'ಬ್ಯಾಲೆನ್ಸ್ ಚಾರ್ಜರ್' ಅಗತ್ಯ. 2.2 ಆಂಪಿಯರ್-ಗಂಟೆಯದಕ್ಕೆ 2.2 ಆಂಪಿಯರ್ ಮೀರದಿದ್ದರೆ ಕ್ಷೇಮ. ಚಾರ್ಜಿಂಗ್ ಬರಿಯ ಟೈಲ್ಸ್ ಅಥವಾ ಸಿಮೆಂಟ್ ನೆಲದ ಮೇಲೆ ನಡೆಯಬೇಕು. ಹಾಸಿಗೆ, ಪರದೆ, ಪುಸ್ತಕಗಳ ಹತ್ತಿರ ಕೂಡದು. ರಾತ್ರಿ ಹಾಕಿ ಮಲಗುವುದೂ ಮನೆಗೆ ಬೀಗ ಹಾಕಿ ಹೋಗುವುದೂ ಬೇಡ. ಉಬ್ಬಿದ, ಏಟು ತಿಂದ, ನೀರು ಹೊಕ್ಕ ಬ್ಯಾಟರಿಗೆ ಇನ್ನೊಂದು ಅವಕಾಶ ಕೊಡಬಾರದು. ಹೊಗೆ ಕಂಡರೆ ಎಲ್ಲರೂ ಹೊರಬಂದು 101 ಅಥವಾ 112ಕ್ಕೆ ಕರೆ ಮಾಡಬೇಕು. ಲಿಥಿಯಂ ಬ್ಯಾಟರಿಯನ್ನು ಚಾರ್ಜ್‌ಗೆ ಹಾಕುವಾಗ ಪಕ್ಕದಲ್ಲಿ ದೊಡ್ಡವರಿರಬೇಕು ಎಂಬುದನ್ನು ತಂದೆ ತಾಯಂದಿರು ಮನೆಯ ಕಟ್ಟಳೆಯಾಗಿಸುವುದು ಲೇಸು.

ಕೆರೆಯ ದಂಡೆಯಲ್ಲಿ

ಬೆಂಗಳೂರಿನ ಕೆರೆಗಳಲ್ಲಿ ಜೊಂಡು, ಅಂತರಗಂಗೆ ಸಾಮಾನ್ಯ. ಅವು ಪ್ರೊಪೆಲರಿಗೆ ಸುತ್ತಿಕೊಂಡರೆ ಮೋಟಾರು ತಿರುಗಲಾರದೆ ಹಲವು ಪಟ್ಟು ಹೆಚ್ಚು ವಿದ್ಯುತ್ ಎಳೆಯುತ್ತದೆ. ಬ್ಯಾಟರಿಯ ಪಕ್ಕದಲ್ಲೇ ಒಂದು ಫ್ಯೂಸ್ ಇದ್ದರೆ ಉಳಿದದ್ದೆಲ್ಲ ಉಳಿಯುತ್ತದೆ. ಅದರ ಬೆಲೆ ಕೆಲವೇ ರೂಪಾಯಿ.

ಬ್ಯಾಟರಿ ಪೂರ್ತಿ ಸೋತರೆ ಮೋಟಾರಿನ ಜೊತೆಗೆ ರಿಸೀವರ್ ಕೂಡ ಮೌನವಾಗುತ್ತದೆ. ರಿಮೋಟಿನ ಯಾವ ಗುಂಡಿಗೂ ದೋಣಿ ಓಗೊಡುವುದಿಲ್ಲ. ಮಕ್ಕಳು ನೀರಿಗಿಳಿಯುವ ಆಸೆಗೆ ಬೀಳುವುದು ಈ ಗಳಿಗೆಯಲ್ಲೇ. ಹೂಳು ತುಂಬಿದ ಕೆರೆಯ ಆಳ ಮೇಲಿಂದ ಕಾಣುವುದಿಲ್ಲ. ಕೆಸರಿಗೆ ಸಿಕ್ಕ ಕಾಲು ಈಜು ಬಲ್ಲವರಿಗೂ ಬಿಡಿಸಿಕೊಳ್ಳಲಾಗದು. ಗಾಳಿ ದೋಣಿಯನ್ನು ದಡಕ್ಕೆ ತರುವವರೆಗೆ ಕಾಯಬೇಕು. ಇಲ್ಲವೇ ಉದ್ದ ದಾರದ ತುದಿಗೆ ಟೆನಿಸ್ ಚೆಂಡು ಕಟ್ಟಿ, ದೋಣಿಯಾಚೆಗೆ ಎಸೆದು ಎಳೆದುಕೊಳ್ಳಬೇಕು. ಆ ದಾರ, ಚೆಂಡು ಚೀಲದಲ್ಲಿಲ್ಲದೆ ಮನೆ ಬಿಡಬಾರದು.

ಬ್ಯಾಟರಿ ಒಂದು ದಿನ ಸಾಯುತ್ತದೆ. ಅದನ್ನು ಕಸದ ಬುಟ್ಟಿಗೆ ಎಸೆಯುವಂತಿಲ್ಲ. 2022ರ ಬ್ಯಾಟರಿ ತ್ಯಾಜ್ಯ ನಿರ್ವಹಣೆ ನಿಯಮಗಳ ಪ್ರಕಾರ ಬಳಸಿದವರು ಅದನ್ನು ಬೇರೆಯಾಗಿಟ್ಟು ಸಂಗ್ರಹಣೆಗೋ ಮರುಬಳಕೆಗೋ ಒಪ್ಪಿಸಬೇಕು. ಹಿಂದಕ್ಕೆ ಪಡೆಯುವ ಹೊಣೆ ತಯಾರಕರದು.

ಕೊನೆಗೆ, ಇಪ್ಪತ್ತು ರೂಪಾಯಿಯ ಒಂದು ನೋಟುಬುಕ್ಕು. ಪ್ರತಿ ಓಟದ ಮೊದಲು ಮತ್ತು ನಂತರ ಮಲ್ಟಿಮೀಟರಿನಲ್ಲಿ ವೋಲ್ಟ್ ನೋಡಿ, ಓಡಿದ ನಿಮಿಷಗಳ ಜೊತೆ ಅದರಲ್ಲಿ ಬರೆಯಬೇಕು. 6 ವೋಲ್ಟ್‌ನ ಸೀಸ-ಆಮ್ಲ ಬ್ಯಾಟರಿ ಪೂರ್ತಿ ತುಂಬಿ ವಿಶ್ರಮಿಸಿದಾಗ ಸುಮಾರು 6.4 ವೋಲ್ಟ್ ತೋರಿಸುತ್ತದೆ. 6ಕ್ಕೆ ಇಳಿದರೆ ಆಟ ಸಾಕು. ಹತ್ತು ಓಟಗಳ ಅಂಕಿ ಕೂಡಿದ ಮೇಲೆ ಗ್ರಾಫ್ ಹಾಳೆಯಲ್ಲಿ ಗೆರೆ ಎಳೆದು ನೋಡಿದರೆ, ದೋಣಿಯನ್ನು ಯಾವ ನಿಮಿಷಕ್ಕೆ ದಡದತ್ತ ತಿರುಗಿಸಬೇಕೆಂಬುದನ್ನು ಆ ಗೆರೆಯೇ ಹೇಳುತ್ತದೆ.